ಪ್ರೇಮಕಥೆಯ ಸಿನಿಮಾಗಳಲ್ಲಿ ನಂಬಲಾಗದ ಕಾಕತಾಳೀಯವನ್ನು ನಾವು ಕೆಲವೊಮ್ಮೆ ಒಪ್ಪುತ್ತೇವೆ, ಕೆಲವೊಮ್ಮೆ ನಗುತ್ತೇವೆ. ಯಾಕೆ?
ಅದು ಕಥೆಯಲ್ಲಿ ಯಾವಾಗ ಬರುತ್ತದೆ, ಯಾರಿಗೆ ಅನುಕೂಲ ಮಾಡಿಕೊಡುತ್ತದೆ ಅನ್ನುವುದೇ ಮುಖ್ಯ. 2006ರ ‘ಮುಂಗಾರು ಮಳೆ’ ನೋಡಿ. ಬೆಂಗಳೂರಿನಲ್ಲಿ ಹುಡುಗಿಯನ್ನೇ ನೋಡುತ್ತಾ ಪ್ರೀತಮ್ ಮ್ಯಾನ್‌ಹೋಲಿಗೆ ಬೀಳುತ್ತಾನೆ. ಆಮೇಲೆ ಅಮ್ಮನ ಜೊತೆ ಮಡಿಕೇರಿಗೆ ಮದುವೆಗೆಂದು ಹೋದರೆ ಮದುಮಗಳು ಅವಳೇ! ಲೆಕ್ಕ ಹಾಕಿದರೆ ಆಗದ ಮಾತು. ಆದರೂ ನಂಬಿಬಿಡುತ್ತೇವೆ, ಏಕೆಂದರೆ ಅದು ಬರುವುದು ಕಥೆಯ ಆರಂಭದಲ್ಲಿ, ಅದೂ ನಾಯಕನನ್ನು ಇಕ್ಕಟ್ಟಿಗೆ ಸಿಕ್ಕಿಸಲು. ಕೊನೆಗೆ ಅವಳನ್ನು ಬಿಟ್ಟುಕೊಡುವುದು ಅವನದೇ ತೀರ್ಮಾನ. ಅದರ ಬದಲು ಕ್ಲೈಮ್ಯಾಕ್ಸಿನಲ್ಲಿ ವರ ಅಪಘಾತಕ್ಕೆ ಸಿಕ್ಕಿ ದಾರಿ ಸುಗಮವಾಗಿದ್ದರೆ ಥಿಯೇಟರಿನಲ್ಲಿ ಕೇಳುತ್ತಿದ್ದದ್ದು ನಗು.

ಘಟನೆ ಎಷ್ಟು ವಿಚಿತ್ರವಾದರೂ ಸರಿ, ಪಾತ್ರಗಳ ಮನಸ್ಸು ತಿರುಗುವುದಕ್ಕೆ ಕಾರಣ ಬೇಕು. ಒಂದು ಫೋನ್ ಮಾಡಿದರೆ ಬಗೆಹರಿಯುವ ತಪ್ಪು ತಿಳಿವಳಿಕೆಯನ್ನು ಇಡೀ ಸೆಕೆಂಡ್ ಹಾಫ್ ಎಳೆಯುವುದಂತೂ ಶುದ್ಧ ಸೋಮಾರಿತನ.