ನೋಟು ಆರೋಪಿ, ಮಾಲೀಕ ಪ್ರೇಕ್ಷಕ

ಸಂಪಾದಕರ ಉತ್ತರ

ದಾವಣಗೆರೆಯ ನಿವೃತ್ತ ಲೆಕ್ಕಾಧಿಕಾರಿಯೊಬ್ಬರು ಬರೆದ ಪತ್ರದ ಸಾರ ಇದು: “ಅಮೆರಿಕದ ಪೊಲೀಸರು ಕೇಸು ಹಾಕದೆಯೇ ಜನರ ದುಡ್ಡು ಕಿತ್ತುಕೊಳ್ಳಬಹುದು ಎಂದು ಹೋದ ಸಂಚಿಕೆಯಲ್ಲಿ ಒಂದೇ ಸಾಲು ಬರೆದು ಮುಂದೆ ಹೋಗಿಬಿಟ್ಟಿರಿ. ಹ್ಯೂಸ್ಟನ್‌ನಲ್ಲಿರುವ ಅಳಿಯನನ್ನು ಕೇಳಿದರೆ, ‘ತಪ್ಪು ಮಾಡದವರಿಗೆ ಇಲ್ಲಿ ಭಯವಿಲ್ಲ ಮಾವ’ ಎಂದ. ಚುನಾವಣೆ ಬಂದಾಗ ನಮ್ಮ ಚೆಕ್‌ಪೋಸ್ಟ್‌ಗಳಲ್ಲೂ 50 ಸಾವಿರ ರೂಪಾಯಿ ದಾಟಿದರೆ ಹಿಡಿಯುತ್ತಾರಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ನೀವು ಬರೆದದ್ದು ನಿಜವೇ ಆಗಿದ್ದರೆ, ಸ್ವಾತಂತ್ರ್ಯ ಎಂದು ಎದೆ ತಟ್ಟಿಕೊಳ್ಳುವ ಆ ಜನ ಸುಮ್ಮನಿರುವುದು ಏಕೆ?”

ಮಾನ್ಯರೇ,

ಒಂದು ಸಾಲು ಬರೆದು ಜಾರಿಕೊಂಡದ್ದು ನಮ್ಮ ತಪ್ಪು. ಲೆಕ್ಕ ನೋಡಿ ಬದುಕಿದ ನಿಮಗೆ ಲೆಕ್ಕದ ಮೂಲಕವೇ ಹೇಳುವುದು ಸರಿ. ಏಕೆಂದರೆ ಈ ವಿಷಯದಲ್ಲಿ ಸರ್ಕಾರದ ಬಲವೂ ಜನರ ಮೌನವೂ ಒಂದೇ ಲೆಕ್ಕದಿಂದ ಹುಟ್ಟಿದವು.

ಮೊದಲು ಎರಡು ಪದಗಳನ್ನು ಬೇರೆ ಮಾಡಿಕೊಳ್ಳೋಣ. ಜಪ್ತಿ ಎಂದರೆ ವಸ್ತುವನ್ನು ವಶಕ್ಕೆ ಪಡೆಯುವುದು. ಮುಟ್ಟುಗೋಲು ಎಂದರೆ ಅದರ ಒಡೆತನವೇ ಸರ್ಕಾರಕ್ಕೆ ಹೋಗುವುದು. ಕ್ರಿಮಿನಲ್ ಮುಟ್ಟುಗೋಲಿನಲ್ಲಿ ಮೊದಲು ಮನುಷ್ಯನ ಮೇಲೆ ಕೇಸು, ಶಿಕ್ಷೆ, ಆಮೇಲೆ ಆಸ್ತಿ. ನಾವು ಬರೆದದ್ದು ಸಿವಿಲ್ ಮುಟ್ಟುಗೋಲಿನ ಬಗ್ಗೆ. ಅದರಲ್ಲಿ ಕೇಸು ವಸ್ತುವಿನ ಮೇಲೆ. ಮಾಲೀಕ ಆರೋಪಿಯೇ ಅಲ್ಲ. ಹಾಗಾಗಿಯೇ ಅಲ್ಲಿನ ಕೋರ್ಟುಗಳಲ್ಲಿ “ಅಮೆರಿಕ ಸಂಯುಕ್ತ ಸಂಸ್ಥಾನ ವಿರುದ್ಧ 1,24,700 ಡಾಲರ್ ನಗದು” ಎಂಬಂಥ ಹೆಸರಿನ ಕೇಸುಗಳು ಸಿಗುತ್ತವೆ. ಓದಿದರೆ ನಗು ಬರುತ್ತದೆ, ಆದರೆ ಪರಿಣಾಮ ನಗುವಂಥದ್ದಲ್ಲ. ವಸ್ತುವಿಗೆ ನಿರಪರಾಧಿ ಎಂಬ ಊಹೆಯಿಲ್ಲ, ಸಾಮಾನ್ಯವಾಗಿ ಸರ್ಕಾರಿ ಖರ್ಚಿನ ವಕೀಲನೂ ಇಲ್ಲ. ಕಡಲ್ಗಳ್ಳರ ಹಡಗನ್ನು ಹಿಡಿದಾಗ ಅದರ ಒಡೆಯ ಸಾಗರದಾಚೆ ಎಲ್ಲೋ ಇರುತ್ತಿದ್ದ, ಕೋರ್ಟಿನ ಕೈಗೆ ಸಿಗುತ್ತಿರಲಿಲ್ಲ. ಹಡಗನ್ನೇ ಕಟಕಟೆಗೆ ಹತ್ತಿಸುವ ಪದ್ಧತಿ ಆ ಕಾಲದ್ದು. ಒಡೆಯ ಹೆದ್ದಾರಿಯಲ್ಲಿ ಡ್ರೈವರ್ ಸೀಟಿನಲ್ಲೇ ಕೂತಿರುವಾಗಲೂ ಅದನ್ನೇ ಬಳಸುತ್ತಿದ್ದಾರೆ.

ಆ 1,24,700 ಡಾಲರ್ ಕೇಸನ್ನೇ ನೋಡಿ. 2003ರಲ್ಲಿ ನೆಬ್ರಾಸ್ಕದಲ್ಲಿ ಅತಿವೇಗಕ್ಕೆಂದು ಒಂದು ಬಾಡಿಗೆ ಕಾರನ್ನು ತಡೆದರು. ಹಿಂಬದಿಯ ಕೂಲರ್ ಡಬ್ಬಿಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ನೋಟಿನ ಕಟ್ಟುಗಳು. ಮಾದಕ ವಸ್ತು ಒಂದು ಚೂರೂ ಸಿಗಲಿಲ್ಲ. ಪೊಲೀಸ್ ನಾಯಿ ಮಾತ್ರ ಮೂಸಿ, ಮಾದಕ ವಸ್ತುವಿನ ವಾಸನೆಯಿದೆ ಎಂಬ ಸೂಚನೆ ಕೊಟ್ಟಿತು. ಶೀತಲೀಕರಣದ ಲಾರಿ ಕೊಳ್ಳಲು ಗೆಳೆಯರೆಲ್ಲ ಸೇರಿಸಿದ ಹಣ ಎಂದು ಆತ ಹೇಳಿದ. ಮೊದಲು “ದುಡ್ಡಿಲ್ಲ” ಎಂದು ಸುಳ್ಳು ಹೇಳಿದ್ದೂ ನಿಜ. ಕೆಳ ಕೋರ್ಟು ಆತನನ್ನು ನಂಬಿತು. 2006ರಲ್ಲಿ ಎಂಟನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿ ಹಣ ಸರ್ಕಾರದ್ದೆಂದಿತು. ಮೂವರಲ್ಲಿ ಒಬ್ಬ ನ್ಯಾಯಾಧೀಶರು ಒಪ್ಪಲಿಲ್ಲ. ದೊಡ್ಡ ಮೊತ್ತದ ನಗದು, ಅದನ್ನು ಕಟ್ಟಿದ ರೀತಿ, ಪ್ರಯಾಣದ ಬಗೆ, ನಾಯಿಯ ಮೂಗು, ಇವೆಲ್ಲ ಸೇರಿದರೆ ಸಾಕಾಯಿತು. “ಅನುಮಾನಕ್ಕೆ ಎಡೆಯಿಲ್ಲದಂತೆ” ಸಾಬೀತು ಮಾಡುವ ಹೊಣೆ ಇಲ್ಲಿ ಸರ್ಕಾರಕ್ಕಿಲ್ಲ. ತಕ್ಕಡಿ ಕೂದಲೆಳೆಯಷ್ಟು ಆ ಕಡೆ ವಾಲಿದರೆ ಆಯಿತು.

ಇನ್ನು ಕಾಗದಪತ್ರದ ದಾರಿ. ಹೆಚ್ಚಿನವರು ಸೋಲುವುದು ಇಲ್ಲೇ, ಅದೂ ನ್ಯಾಯಾಧೀಶರ ಮುಖ ನೋಡುವ ಮೊದಲೇ. ಫೆಡರಲ್ ಸಂಸ್ಥೆ, ಅಂದರೆ ಕೇಂದ್ರ ಸರ್ಕಾರದ ಸಂಸ್ಥೆ, ಜಪ್ತಿ ಮಾಡಿದರೆ, 2000ದ ಸುಧಾರಣಾ ಕಾಯ್ದೆಯ ಪ್ರಕಾರ 60 ದಿನಗಳೊಳಗೆ ನೋಟಿಸ್ ಕಳಿಸಬೇಕು. ರಾಜ್ಯದ ಪೊಲೀಸರು ಹಿಡಿದು ಫೆಡರಲ್‌ಗೆ ಒಪ್ಪಿಸಿದ್ದರೆ 90 ದಿನ. ಆ ನೋಟಿಸಿನಲ್ಲಿ ಎರಡು ದಾರಿ ಕೊಟ್ಟಿರುತ್ತಾರೆ. ಒಂದು ಪಿಟಿಷನ್, ಇನ್ನೊಂದು ಕ್ಲೇಮ್. ಪಿಟಿಷನ್ ಎಂದರೆ ಹಣ ಹಿಡಿದ ಇಲಾಖೆಗೇ “ದಯವಿಟ್ಟು ಕೊಡಿ” ಎಂದು ಬೇಡುವ ಅರ್ಜಿ. ತೀರ್ಮಾನವೂ ಆ ಇಲಾಖೆಯದ್ದೇ. ಕ್ಲೇಮ್ ಎಂದರೆ “ಇದು ನನ್ನದು, ಕೋರ್ಟಿಗೆ ನಡೆಯಿರಿ” ಎನ್ನುವುದು. ಪಿಟಿಷನ್ ಎಂಬ ಪದ ಕೇಳಲು ಮೆತ್ತಗಿದೆ, ಜನ ಅದನ್ನೇ ಹಿಡಿಯುತ್ತಾರೆ. ಅದೊಂದನ್ನೇ ಹಾಕಿದವರ ಕಡತ ನ್ಯಾಯಾಧೀಶರ ಮೇಜಿಗೆ ಹೋಗುವುದೇ ಇಲ್ಲ.

ಕ್ಲೇಮ್‌ನಲ್ಲಿ ಮೂರೇ ಸಂಗತಿ ಬೇಕು: ಯಾವ ವಸ್ತು, ಅದರಲ್ಲಿ ನಿಮ್ಮ ಹಕ್ಕೇನು, ಸುಳ್ಳಾದರೆ ಶಿಕ್ಷೆಗೆ ಒಳಗಾಗುವೆನೆಂಬ ಪ್ರಮಾಣ. ಗಡುವು ನೋಟಿಸು ಅಂಚೆಗೆ ಬಿದ್ದ ದಿನದಿಂದ ಸಾಮಾನ್ಯವಾಗಿ 35 ದಿನ. ನಿಮ್ಮ ಕೈಸೇರಿದ ದಿನದಿಂದಲ್ಲ. ಅಷ್ಟೇ ಅಲ್ಲ, ಅಷ್ಟರೊಳಗೆ ಕಾಗದ ಅವರ ಕಚೇರಿ ತಲುಪಿರಬೇಕು. ಇಂಥ ದಿನ ಅಂಚೆಗೆ ಹಾಕಿದೆ ಎಂದರೆ ನಡೆಯದು. ಕ್ಲೇಮ್ ಸರಿಯಾಗಿ ಬಿದ್ದರೆ ಸರ್ಕಾರ 90 ದಿನಗಳಲ್ಲಿ ದಾವೆ ಹೂಡಬೇಕು, ಇಲ್ಲವೇ ವಸ್ತುವನ್ನು ವಾಪಸ್ ಕೊಡಬೇಕು. ದಾವೆ ಹೂಡಿದರೋ, ಕೋರ್ಟಿನಲ್ಲಿ ಮತ್ತೊಂದು ಕ್ಲೇಮ್, ಅದಾದ 21 ದಿನಗಳೊಳಗೆ ದಾವೆಗೆ ಉತ್ತರ. “ಕ್ಲೇಮ್ ಆಗಲೇ ಹಾಕಿದ್ದೆನಲ್ಲ” ಎಂದುಕೊಂಡು ಈ ಎರಡನೆಯದನ್ನು ಬಿಟ್ಟು ಏಕಪಕ್ಷೀಯ ತೀರ್ಪಿಗೆ ತುತ್ತಾದವರಿದ್ದಾರೆ. ಕಷ್ಟದ ಕಾರಣ ಹೇಳಿ ಕೇಸು ಮುಗಿಯುವ ಮೊದಲೇ ವಸ್ತು ಬಿಡಿಸಿಕೊಳ್ಳಲು ಒಂದು ಕಲಮೇನೋ ಇದೆ. ಆದರೆ ಅದು ನಗದಿಗೆ ಅನ್ವಯಿಸದು; ಕಾನೂನುಬದ್ಧ ವ್ಯಾಪಾರದ ದುಡ್ಡೆಂದು ತೋರಿಸಿದರೆ ಮಾತ್ರ ವಿನಾಯಿತಿ.

ವಕೀಲರ ಮಾತು ಬಂದಾಗ ನಿಮ್ಮ ಲೆಕ್ಕದ ಬುದ್ಧಿ ಕೆಲಸ ಮಾಡುತ್ತದೆ. ಇನ್‌ಸ್ಟಿಟ್ಯೂಟ್ ಫಾರ್ ಜಸ್ಟಿಸ್ ಎಂಬ ಸಂಸ್ಥೆ 2020ರಲ್ಲಿ ಪ್ರಕಟಿಸಿದ ವರದಿಯಲ್ಲಿ 21 ರಾಜ್ಯಗಳ ಅಂಕಿ ಇದೆ. ಅಲ್ಲಿ ಮುಟ್ಟುಗೋಲಾದ ನಗದಿನ ಮಧ್ಯಾಂಕ ಸುಮಾರು 1,276 ಡಾಲರ್, ಅಂದರೆ ಅರ್ಧದಷ್ಟು ಪ್ರಕರಣಗಳಲ್ಲಿ ಮೊತ್ತ ಅದಕ್ಕಿಂತ ಕಡಿಮೆ. ತೀರಾ ಸರಳ ಕೇಸಿಗೂ ವಕೀಲರ ಖರ್ಚು 3,000 ಡಾಲರ್ ಆಗುತ್ತದೆಂದು ಅದೇ ವರದಿ ಅಂದಾಜಿಸುತ್ತದೆ. 1,276 ಬಿಡಿಸಲು 3,000 ಸುರಿಯುವ ಮೂರ್ಖ ಯಾರು? ಗೆದ್ದವ ಸೋತ, ಸೋತವ ಸತ್ತ ಎಂಬ ನಮ್ಮ ಗಾದೆ ಅಲ್ಲಿ ಅಕ್ಷರಶಃ ನಿಜ. ಗೆದ್ದರೆ ಸರ್ಕಾರ ವಕೀಲರ ಫೀ ಕೊಡಬೇಕೆಂದು ಫೆಡರಲ್ ಕಾಯ್ದೆ ಹೇಳುತ್ತದೆ, ಸರಿ. ಆದರೆ ಸೋಲುವ ಲಕ್ಷಣ ಕಂಡಾಗ ಸರ್ಕಾರ ತಾನೇ ದಾವೆ ಹಿಂತೆಗೆದರೆ ಅದನ್ನು ಗೆಲುವೆಂದು ಎಣಿಸಲು ಹಲವು ಕೋರ್ಟುಗಳು ಒಪ್ಪಿಲ್ಲ. ಇಲ್ಲವೇ “ಅರ್ಧ ತೆಗೆದುಕೊಂಡು ಹೋಗು” ಎಂಬ ರಾಜಿ ಬರುತ್ತದೆ. ಬಹಳ ಜನ ಆ ಅರ್ಧಕ್ಕೇ ಕೈಯೊಡ್ಡುತ್ತಾರೆ, ಅವರನ್ನು ದೂರುವುದು ಕಷ್ಟ.

ಮಾದಕ ವಸ್ತು ನಿಗ್ರಹ ಸಂಸ್ಥೆ ಡಿಇಎ ಬಗ್ಗೆ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ (ಇಲಾಖೆಯ ಒಳ ತಪಾಸಣಾಧಿಕಾರಿ) 2017ರಲ್ಲಿ ಕೊಟ್ಟ ವರದಿಯನ್ನು ನಿಮ್ಮ ಅಳಿಯಂದಿರಿಗೆ ತೋರಿಸಿ. 2007ರಿಂದ ಆ ಸಂಸ್ಥೆ ಮಾಡಿದ ನಗದು ಜಪ್ತಿಗಳಲ್ಲಿ ಶೇ 81ರಷ್ಟು, ಅಂದರೆ 320 ಕೋಟಿ ಡಾಲರ್, ಕೋರ್ಟಿನ ಪರಿಶೀಲನೆಯಿಲ್ಲದೆ ಕಚೇರಿ ಮಟ್ಟದಲ್ಲೇ ಮುಟ್ಟುಗೋಲಾಗಿತ್ತು. ಆಯ್ದು ನೋಡಿದ 100 ಜಪ್ತಿಗಳಲ್ಲಿ ತನಿಖೆಗೆ ಉಪಯೋಗವಾಯಿತೆಂದು ತೋರಿಸಲು ಆದದ್ದು 44ಕ್ಕೆ ಮಾತ್ರ. ಇದು ವಿರೋಧಿಗಳ ಆರೋಪವಲ್ಲ, ಸರ್ಕಾರದ ಸ್ವಂತ ಆಡಿಟ್. ಕಳ್ಳಸಾಗಣೆಯ ಜಾಲಗಳ ಹಣವೂ ಇದೇ ದಾರಿಯಲ್ಲಿ ಸಿಕ್ಕಿಬೀಳುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಜರಡಿ ಹಿಡಿದವರಿಗೇ ಅಕ್ಕಿ ಸಿಗುವುದಾದರೆ ಕಲ್ಲು ಆರಿಸುವ ಆಸಕ್ತಿ ಎಷ್ಟಿದ್ದೀತು?

ನಮ್ಮ ಚುನಾವಣಾ ಚೆಕ್‌ಪೋಸ್ಟಿಗೂ ಇದಕ್ಕೂ ವ್ಯತ್ಯಾಸ ಅದೇ. ಇಲ್ಲಿ ದಾಖಲೆ ತೋರಿಸಿದರೆ ಹಣ ಬಿಡಿಸಿಕೊಡಲು ಜಿಲ್ಲಾ ಮಟ್ಟದ ಸಮಿತಿ ಇರುತ್ತದೆ. ಅಡಿಕೆ ವ್ಯಾಪಾರಿಗಳಿಗೂ ಮದುವೆ ಮನೆಯವರಿಗೂ ಅದರಿಂದ ಆಗುವ ಗೋಳು ಸಣ್ಣದಲ್ಲ, ಆ ಮಾತು ಬೇರೆ. ಆದರೆ ಹಿಡಿದ ಹಣ ಹಿಡಿದ ಠಾಣೆಯ ಖರ್ಚಿಗೆ ಜಮೆಯಾಗುವುದಿಲ್ಲ. ಅಮೆರಿಕದಲ್ಲಿ 1984ರ ಕಾಯ್ದೆಯೊಂದು ಮುಟ್ಟುಗೋಲಿನ ಹಣವನ್ನು ಕಾನೂನು ಜಾರಿ ಸಂಸ್ಥೆಗಳೇ ಬಳಸುವ ನಿಧಿ ತೆರೆಯಿತು. ಸ್ಥಳೀಯ ಪೊಲೀಸರು ಕೇಸನ್ನು ಫೆಡರಲ್ ಸಂಸ್ಥೆಗೆ ಒಪ್ಪಿಸಿದರೆ ಶೇ 80ರವರೆಗೆ ಅವರಿಗೇ ವಾಪಸ್. ಇದರ ತಮಾಷೆ ನೋಡಬೇಕಾದರೆ ಮಿಸೌರಿ ರಾಜ್ಯಕ್ಕೆ ಹೋಗಬೇಕು. ಮುಟ್ಟುಗೋಲಿನ ಹಣ ಶಾಲೆಗಳಿಗೆ ಸೇರಬೇಕು ಎಂದು ಅಲ್ಲಿನ ಕಾನೂನು. ಪೊಲೀಸರು ಹಣವನ್ನು ಫೆಡರಲ್ ಬಾಗಿಲಿನಿಂದ ಒಳಗೆ ಬಿಟ್ಟು ತಮ್ಮ ಪಾಲನ್ನು ಹಿತ್ತಿಲ ಬಾಗಿಲಿನಿಂದ ತರಿಸಿಕೊಂಡರು. ಶಾಲೆಗೆ ಚಿಲ್ಲರೆ.

ಟೆಕ್ಸಸ್‌ನ ಟೆನಾಹಾ ಎಂಬ ಪುಟ್ಟ ಊರಿನಲ್ಲಿ ಹೆದ್ದಾರಿಯಲ್ಲಿ ತಡೆದವರ ಮುಂದೆ ಒಂದು ಕಾಗದ ಇಡುತ್ತಿದ್ದರು: ಹಣ ಬಿಟ್ಟುಕೊಟ್ಟಿದ್ದೇನೆ ಎಂದು ಸಹಿ ಹಾಕು, ಇಲ್ಲದಿದ್ದರೆ ಕೇಸು. ಮಕ್ಕಳನ್ನು ಸರ್ಕಾರದ ವಶಕ್ಕೆ ಕೊಡುತ್ತೇವೆ ಎಂಬ ಬೆದರಿಕೆಯ ದೂರುಗಳೂ ಇದ್ದವು. ಸಾಮೂಹಿಕ ದಾವೆ ನಡೆದು 2012ರಲ್ಲಿ ರಾಜಿಯಾಯಿತು. ಅಷ್ಟರಲ್ಲಿ, 2011ರಲ್ಲಿ, ರಸ್ತೆ ಬದಿಯಲ್ಲಿ ಇಂಥ ಸಹಿ ಕೇಳಬಾರದೆಂದು ಟೆಕ್ಸಸ್ ಕಾನೂನು ಮಾಡಿತ್ತು. ಫಿಲಡೆಲ್ಫಿಯಾದಲ್ಲಿ ಇನ್ನೂ ಸೊಗಸು. ಸಿಟಿ ಹಾಲ್‌ನ 478ನೇ ಕೋರ್ಟ್ ಕೊಠಡಿಯಲ್ಲಿ ವರ್ಷಗಟ್ಟಲೆ ನ್ಯಾಯಾಧೀಶರೇ ಇರಲಿಲ್ಲ. ಕಲಾಪ ನಡೆಸುತ್ತಿದ್ದವರು ಸರ್ಕಾರಿ ವಕೀಲರು. ಮನೆ ಕಳೆದುಕೊಳ್ಳಲಿದ್ದವರು ಮತ್ತೆ ಮತ್ತೆ ಬರಬೇಕು, ಒಂದು ಸಲ ತಪ್ಪಿಸಿದರೆ ಮನೆ ಹೋಯಿತು. ಮಗ 40 ಡಾಲರ್ ಬೆಲೆಯ ಹೆರಾಯಿನ್ ಮಾರಿದನೆಂದು ತಂದೆ ತಾಯಿಯ ಮನೆಗೆ ಬೀಗ ಜಡಿದ ಪ್ರಕರಣ ಸುದ್ದಿಯಾಗಿ, ದಾವೆ ನಡೆದು, 2018ರಲ್ಲಿ ಆ ವ್ಯವಸ್ಥೆ ಬಿಚ್ಚಬೇಕಾಯಿತು.

ಸುಪ್ರೀಂ ಕೋರ್ಟು ಏನು ಮಾಡಿತು ಎಂದು ಕೇಳುತ್ತೀರಿ. ಅರ್ಧ ಮಾಡಿತು. 2019ರ ಟಿಂಬ್ಸ್ ಕೇಸಿನಲ್ಲಿ, 10,000 ಡಾಲರ್ ಗರಿಷ್ಠ ದಂಡದ ಅಪರಾಧಕ್ಕೆ ಸುಮಾರು 42,000 ಡಾಲರಿನ ಲ್ಯಾಂಡ್ ರೋವರ್ ಕಿತ್ತುಕೊಂಡಾಗ, ಸಂವಿಧಾನದಲ್ಲಿರುವ ವಿಪರೀತ ದಂಡದ ನಿಷೇಧ ರಾಜ್ಯಗಳಿಗೂ ಅನ್ವಯ ಎಂದು ಒಮ್ಮತದಿಂದ ಹೇಳಿತು. 2024ರಲ್ಲಿ ಕಲಿ ಎಂಬಾಕೆಯ ಕೇಸಿನಲ್ಲಿ ಮಗನ ಬಳಿ ಗಾಂಜಾ ಸಿಕ್ಕಿತೆಂದು ತಾಯಿಯ ಕಾರು ಹೋಗಿತ್ತು. ನಿರಪರಾಧಿ ಮಾಲೀಕಳೆಂದು ಅದು ಆಕೆಗೆ ಮರಳಲು 20 ತಿಂಗಳು ಹಿಡಿಯಿತು. ಇಂಥವರಿಗೆ ಮೊದಲೇ ಒಂದು ತ್ವರಿತ ವಿಚಾರಣೆ ಬೇಕೇ ಎಂಬ ಪ್ರಶ್ನೆಗೆ 6–3ರಿಂದ “ಬೇಡ” ಎಂದಿತು.

ಈಗ ನಿಮ್ಮ ಕೊನೆಯ ಪ್ರಶ್ನೆ. ಜನ ಇದನ್ನು ಒಪ್ಪಿದ್ದಾರೆಂದಲ್ಲ. ಕೇಟೋ ಎಂಬ ಚಿಂತಕರ ಸಂಸ್ಥೆಯ 2016ರ ಸಮೀಕ್ಷೆಯಲ್ಲಿ ಶೇ 84ರಷ್ಟು ಮಂದಿ ಶಿಕ್ಷೆಯಾಗುವ ಮೊದಲು ಆಸ್ತಿ ಕಿತ್ತುಕೊಳ್ಳುವುದನ್ನು ವಿರೋಧಿಸಿದ್ದರು. ಆದರೆ ವಿರೋಧಕ್ಕೂ ಎದ್ದು ಹೋಗಿ ಏನಾದರೂ ಮಾಡುವುದಕ್ಕೂ ನಡುವೆ ದೊಡ್ಡ ಹಳ್ಳವಿದೆ. ತೆರಿಗೆ ಏರಿದರೆ ಇಡೀ ಊರಿಗೆ ಒಂದೇ ದಿನ ಉರಿಯುತ್ತದೆ. ಇದು ಒಬ್ಬೊಬ್ಬರಾಗಿ, ಬೇರೆ ಬೇರೆ ರಸ್ತೆಯಲ್ಲಿ, ಬೇರೆ ಬೇರೆ ತಿಂಗಳಲ್ಲಿ ತಟ್ಟುತ್ತದೆ. ಹೆಚ್ಚಿನವರಿಗೆ ತಟ್ಟುವುದೇ ಇಲ್ಲ. ಕಳೆದುಕೊಂಡವನು ನೆರೆಯವನಿಗೆ ಹೇಳಿದರೆ, ನೆರೆಯವನ ಮನಸ್ಸಿಗೆ ಮೊದಲು ಬರುವುದು ನಿಮ್ಮ ಅಳಿಯಂದಿರು ಹೇಳಿದ ಮಾತೇ: ಏನೋ ಮಾಡಿರಬೇಕು, ಇಲ್ಲದಿದ್ದರೆ ಸುಮ್ಮನೆ ಹಿಡಿಯುತ್ತಾರೆಯೇ?

ಎದ್ದು ಹೋದ ಉದಾಹರಣೆಯೂ ಇದೆ. ಯೂಟಾ ರಾಜ್ಯದಲ್ಲಿ 2000ದಲ್ಲಿ ಜನಮತಕ್ಕೆ ಹಾಕಿದಾಗ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಜನ ಮುಟ್ಟುಗೋಲಿನ ಹಣ ಪೊಲೀಸರಿಗೆ ಹೋಗಬಾರದೆಂದು ಮತ ಹಾಕಿದರು. ಮತ ಹಾಕಿ ಮನೆಗೆ ಹೋಗಿ ಮಲಗಿದರು. 2004ರಲ್ಲಿ ಶಾಸಕರು ಅನುದಾನದ ಹೆಸರಿನಲ್ಲಿ ಆ ಹಣಕ್ಕೆ ಮತ್ತೆ ಕಾಲುವೆ ತೋಡಿದರು. ನ್ಯೂ ಮೆಕ್ಸಿಕೋ 2015ರಲ್ಲಿ ಸಿವಿಲ್ ಮುಟ್ಟುಗೋಲನ್ನೇ ತೆಗೆದುಹಾಕಿತು. ಆಲ್ಬುಕರ್ಕಿ ನಗರ ಮಾತ್ರ ಕಾರು ಹಿಡಿಯುವುದನ್ನು 2018ರಲ್ಲಿ ಫೆಡರಲ್ ನ್ಯಾಯಾಧೀಶರು ತಡೆಯುವವರೆಗೂ ಬಿಡಲಿಲ್ಲ. ನೆಬ್ರಾಸ್ಕ ಮತ್ತು ಮೇನ್ ಕೂಡ ರದ್ದು ಮಾಡಿವೆ. ಫೆಡರಲ್ ಮಟ್ಟದಲ್ಲಿ ಫೇರ್ ಆಕ್ಟ್ ಎಂಬ ಮಸೂದೆ 2023ರಲ್ಲಿ ಕೆಳಮನೆಯ ನ್ಯಾಯಾಂಗ ಸಮಿತಿಯಲ್ಲಿ 26–0ರಿಂದ ಪಾಸಾಯಿತು. ಹಾವು ಮುಂಗುಸಿಯಂತಿರುವ ಎರಡೂ ಪಕ್ಷಗಳ ಒಬ್ಬರೂ ವಿರೋಧಿಸಲಿಲ್ಲ. ಆದರೂ ಪೂರ್ಣ ಸದನದ ಮತಕ್ಕೆ ಬರಲಿಲ್ಲ, ಬಾರದ್ದಕ್ಕೆ ಯಾವ ಸದಸ್ಯನೂ ಸೀಟು ಕಳೆದುಕೊಳ್ಳಲಿಲ್ಲ.

ಹ್ಯೂಸ್ಟನ್‌ಗೆ ತಿಳಿಸಬೇಕಾದ್ದು ಇಷ್ಟು. ದೇಶದೊಳಗೆ ನಗದು ಒಯ್ಯಲು ಮಿತಿಯಿಲ್ಲ, ಆದರೆ ಬ್ಯಾಂಕಿನಿಂದ ತೆಗೆದ ಚೀಟಿ ಜೊತೆಗಿರಲಿ. ಗಡಿ ದಾಟುವಾಗ 10,000 ಡಾಲರ್ ಮೀರಿದರೆ ಘೋಷಿಸಬೇಕು. ಮನೆಯವರೆಲ್ಲ ಸೇರಿ ಒಂದೇ ಘೋಷಣೆ ಕೊಟ್ಟರೆ ಎಲ್ಲರದ್ದೂ ಕೂಡಿ ಲೆಕ್ಕ. ಪೊಲೀಸರು “ಕಾರು ನೋಡಬಹುದೇ?” ಎಂದು ಕೇಳಿದರೆ ಬೇಡವೆನ್ನುವ ಹಕ್ಕಿದೆ; ಆ ಹಕ್ಕಿದೆ ಎಂದು ಅವರು ತಿಳಿಸಬೇಕಾಗಿಲ್ಲ ಎಂದು 1973ರಲ್ಲೇ ತೀರ್ಪಾಗಿದೆ. ದಂಡದ ಚೀಟಿ ಬರೆದು ಮುಗಿದ ಮೇಲೂ ನಾಯಿ ಬರಲೆಂದು ಕಾಯಿಸಬಾರದು ಎಂದು 2015ರಲ್ಲಿ. ಹಿಡಿದೇಬಿಟ್ಟರೆ ವಾದಕ್ಕಿಳಿಯದೆ, ಎಣಿಸಿದ ಮೊತ್ತ ಮತ್ತು ಇಲಾಖೆಯ ಹೆಸರಿರುವ ರಸೀದಿ ಪಡೆಯಿರಿ, ಬಿಟ್ಟುಕೊಟ್ಟೆ ಎಂಬ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಟೆಕ್ಸಸ್ ಕಾನೂನಿನಡಿ ಸರ್ಕಾರ 30 ದಿನಗಳಲ್ಲಿ ದಾವೆ ಹೂಡಬೇಕು. ದಾವೆಯ ಪ್ರತಿ ಕೈಸೇರಿ 20 ದಿನ ಕಳೆದ ಮೇಲಿನ ಮೊದಲ ಸೋಮವಾರ ಬೆಳಿಗ್ಗೆ 10 ಗಂಟೆಯೊಳಗೆ ಉತ್ತರ ಕೊಡಬೇಕು. ಕ್ರಿಮಿನಲ್ ತನಿಖೆಯ ವಾಸನೆ ಇದ್ದರೆ ಪ್ರಮಾಣ ಮಾಡಿ ಏನನ್ನೂ ಬರೆಯುವ ಮುನ್ನ ವಕೀಲರನ್ನು ಕಾಣಬೇಕು.

ಅಳಿಯಂದಿರಿಗೆ ಅಲ್ಲಿನ ಪೌರತ್ವ ಸಿಕ್ಕಿದ್ದರೆ ಇನ್ನೊಂದು ಮಾತು. ಅವರ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಪೊಲೀಸ್ ಮುಖ್ಯಸ್ಥ ಶೆರಿಫ್ ಮತ್ತು ಸರ್ಕಾರದ ಪರ ಕೇಸು ನಡೆಸುವ ಡಿಸ್ಟ್ರಿಕ್ಟ್ ಅಟಾರ್ನಿ ಇಬ್ಬರೂ ಚುನಾಯಿತರು. ಅವರ ಹೆಸರು ಮತಪತ್ರದಲ್ಲಿ ಅಧ್ಯಕ್ಷ, ಸೆನೆಟರ್, ಗವರ್ನರ್ ಎಲ್ಲ ದಾಟಿದ ಮೇಲೆ, ಬಹಳ ಕೆಳಗಿರುತ್ತದೆ.

– ಸಂಪಾದಕ