ಕೇಳ್ರಿ, ಹೇಳ್ತೀವಿ: ಹಿಂದಿನ ಸ್ಪೀಕರ್ ಯಾಕ ಸುಮ್ಮನ ಕುಂತಾವ?

ಈ ಸಲ ಬಂದ ಪತ್ರದಾಗ ಅರ್ಧಕ್ಕಿಂತ ಹೆಚ್ಚು ಹೋಂ ಥಿಯೇಟರ್‌ದ್ದ ತಕರಾರು ಅದಾವ, ಹಂಗಾಗಿ ಫ್ರಿಜ್, ಇನ್ವರ್ಟರ್ ಪ್ರಶ್ನೆ ಮುಂದಿನ ಸಂಚಿಕಿಗೆ ಇಟ್ಟೀನಿ. ಎಲ್ಲಾರೂ ಬರದದ್ದು ಒಂದ, "ಸ್ಪೀಕರ್ ಹೋಗೇತ್ರಿ, ಯಾವ ಕಂಪನಿದು ತಗೊಳ್ಳೋಣು?" ಖರೆ ಹೇಳಬೇಕಂದ್ರ ಸ್ಪೀಕರ್ ಹೋಗೂದು ಭಾಳ ಕಡಿಮಿ. ತಕರಾರು ಟಿವಿ ಸೆಟ್ಟಿಂಗ್‌ನ್ಯಾಗ ಇರ್ತೈತಿ, ಇಲ್ಲಾ ವೈರ್‌ನ್ಯಾಗ, ಇಲ್ಲಾ ನಿಮ್ಮ ಹಾಲ್‌ನ್ಯಾಗ.

ಪ್ರಶ್ನೆ: 5.1 ರಿಸೀವರ್ ಮತ್ತ ಸ್ಪೀಕರ್ ಸೆಟ್ ತಗೊಂಡು ಎರಡು ತಿಂಗಳಾತ್ರಿ. ಟಿವಿಗೆ ಎಚ್‌ಡಿಎಂಐ ಕೇಬಲ್‌ನಿಂದ ಹಚ್ಚೇವಿ. ಮುಂದಿನ ಎರಡು ಜೋರ್ ಬರ್ತಾವ, ನಡುವಿಂದು ಮತ್ತ ಹಿಂದಿನ ಎರಡು ಅಗದೀ ಸುಮ್ಮನ. ಅಂಗಡಿಯವ್ರು ಬಂದು ವೈರ್ ಬದ್ಲಿ ಮಾಡಿದ್ರು, ಈಗ ಸ್ಪೀಕರ್ ಬದ್ಲಿ ಮಾಡೋಣು ಅನ್ನಾಕತ್ಯಾರ. — ಓದುಗರು, ನವನಗರ, ಬಾಗಲಕೋಟೆ

ಸ್ಪೀಕರ್ ಮುಟ್ಟಬ್ಯಾಡ್ರಿ. 5.1 ಅಂದ್ರ ಐದು ಸ್ಪೀಕರ್ ಮತ್ತ ಬೇಸ್ (ದಪ್ಪ ಆವಾಜ) ಕೊಡೂ ಒಂದು ಸಬ್‌ವೂಫರ್, ರಿಸೀವರ್ ಅಂದ್ರ ಟಿವಿ ಆವಾಜ ತಗೊಂಡು ಇವಕ್ಕ ಹಂಚೂ ಡಬ್ಬಿ. ರಿಸೀವರ್ ಮೆನುದಾಗ ಸ್ಪೀಕರ್ ಸೆಟಪ್ ಒಳಗ ಟೆಸ್ಟ್ ಟೋನ್ ಅಂತ ಇರ್ತೈತಿ, ಅದನ್ನ ಆನ್ ಮಾಡಿದ್ರ ಶ್‌ಶ್ ಅಂತ ಒಂದು ಆವಾಜ ಒಂದೊಂದ ಸ್ಪೀಕರ್‌ನಿಂದ ಪಾಳಿ ಪ್ರಕಾರ ಬರ್ತೈತಿ. ಐದೂ ಕಡಿಂದ ಬಂತಂದ್ರ ಸ್ಪೀಕರ್, ವೈರ್, ಆಂಪ್ಲಿಫೈಯರ್ ಮೂರೂ ಚಲೋ ಅದಾವ ಅಂತ ತಿಳ್ಕೊಳ್ರಿ, ಇನ್ನ ಹುಡುಕೂದು ಟಿವಿ ಕಡೆ. ನಿಮ್ಮ ಪತ್ರ ಓದಿದ್ರ ಹಂಗ ಆಗೈತಿ ಅಂತ ನನಗ ಅನಸ್ತೈತಿ, ಯಾಕಂದ್ರ ಮೂರು ಸ್ಪೀಕರ್ ಒಮ್ಮೆಲೆ ಕೂಡಿ ಕೆಡೂದು ಎಲ್ಲೈತ್ರಿ.

ಟಿವಿಯ ಸೌಂಡ್ ಸೆಟ್ಟಿಂಗ್‌ಗೆ ಹೋಗ್ರಿ, ಡಿಜಿಟಲ್ ಔಟ್‌ಪುಟ್ ಅಂತ ಒಂದು ಇರ್ತೈತಿ (ಒಂದೊಂದ ಕಂಪನಿ ಒಂದೊಂದ ಹೆಸರು ಇಟ್ಟಿರ್ತಾರ), ಅಲ್ಲಿ ಪಿಸಿಎಂ ಅಂತ ಇದ್ರ ಅದ ಕಳ್ಳ. ಎಆರ್‌ಸಿ (ಟಿವಿ ಆವಾಜನ ಎಚ್‌ಡಿಎಂಐ ಕೇಬಲ್‌ನಿಂದನ ರಿಸೀವರ್‌ಗೆ ಹೊಳ್ಳಿ ಕಳಸೂ ದಾರಿ) ಮೂಲಕ ಪಿಸಿಎಂ ಹೋದ್ರ ಬರೇ ಎರಡ ಚಾನಲ್ ಹೋಗ್ತೈತಿ, ಎಡಕ ಒಂದು ಬಲಕ ಒಂದು. ಅದನ್ನ ಪಾಸ್ ಥ್ರೂ ಇಲ್ಲಾ ಬಿಟ್‌ಸ್ಟ್ರೀಮ್ ಇಲ್ಲಾ ಆಟೋ ಮಾಡಿ ಒಂದು 5.1 ಇರೂ ಸಿನಿಮಾ ಹಚ್ಚಿ ರಿಸೀವರ್‌ನ ಸಣ್ಣ ಡಿಸ್‌ಪ್ಲೇ ನೋಡ್ರಿ. ಮೊದಲ ಪಿಸಿಎಂ ಇಲ್ಲಾ ಸ್ಟೀರಿಯೋ ಅಂತ ತೋರ್ಸ್ತಿದ್ದಿದ್ದು ಈಗ ಡಾಲ್ಬಿ (ಎಲ್ಲಾ ಸ್ಪೀಕರ್‌ದ ಆವಾಜ ಒಂದ ಕಟ್ಟಿನ್ಯಾಗ ಕಳಸೂ ಪದ್ಧತಿ) ಅಂತ ತೋರಿಸಿದ್ರ ಕೆಲಸ ಆತು. ಈ ಡಿಸ್‌ಪ್ಲೇ ಯಾರೂ ನೋಡಂಗಿಲ್ಲ, ಆದ್ರ ಅರ್ಧ ಉತ್ತರ ಅಲ್ಲೇ ಬರದಿರ್ತೈತಿ.

ಕೇಬಲ್ ಟಿವಿಯ ಯಾವ ಕಿಂಡಿಗೆ ಹಚ್ಚೀರಿ ಅಂತನೂ ನೋಡ್ರಿ. ಮೂರು ನಾಲ್ಕು ಎಚ್‌ಡಿಎಂಐ ಕಿಂಡಿ ಇದ್ರೂ ಎಆರ್‌ಸಿ ಅಂತ ಬರದದ್ದು ಒಂದಕ್ಕ ಮಾತ್ರ, ರಿಸೀವರ್ ಕಡೆನೂ ಹಂಗ. ಎಆರ್‌ಸಿ ಬಂದದ್ದು 2009ರ ಎಚ್‌ಡಿಎಂಐ 1.4ರ ಜೋಡಿ, ಅದಕ್ಕಿಂತ ಹಳೇ ಟಿವಿ ಆದ್ರ ಸುಮ್ಮನ ಗುದ್ದಾಡಬ್ಯಾಡ್ರಿ, ಆಪ್ಟಿಕಲ್ ಕೇಬಲ್ ಹಾಕ್ರಿ. ಅದರಾಗೂ ಸಾದಾ ಡಾಲ್ಬಿ ಡಿಜಿಟಲ್ 5.1 ಆರಾಮ ಹೋಗ್ತೈತಿ, ತಲಿ ಮ್ಯಾಲಿಂದನೂ ಆವಾಜ ಕೊಡೂ ಅಟ್ಮಾಸ್ ಹೋಗಂಗಿಲ್ಲ.

ಇನ್ನ ನೀವು ಏನ್ ನೋಡಾಕತ್ತೀರಿ ಅನ್ನೂದೂ ಐತಿ. ಸೀರಿಯಲ್, ನ್ಯೂಸ್, ಯೂಟ್ಯೂಬ್ ಹಾಡು ಬಹುತೇಕ ಸ್ಟೀರಿಯೋನ, ಅಲ್ಲಿ ಹಿಂದಿಂದಕ್ಕ ಕಳಸೂ ಆವಾಜನ ಇರಂಗಿಲ್ಲ. ಬೇಕಂದ್ರ ರಿಮೋಟ್‌ನ್ಯಾಗ ಡಾಲ್ಬಿ ಸರೌಂಡ್ ಇಲ್ಲಾ ಪ್ರೊ ಲಾಜಿಕ್ ಮೋಡ್ ಹಾಕ್ರಿ, ಎರಡು ಚಾನಲ್‌ನ ಅದು ಹಂಚಿ ಕೊಡ್ತೈತಿ. ಆಲ್ ಚಾನಲ್ ಸ್ಟೀರಿಯೋ ಅನ್ನೂ ಮೋಡ್ ಮನ್ಯಾಗ ಏನರ ಕಾರ್ಯಕ್ರಮ ಇದ್ದಾಗ ಹಾಡಿಗೆ ಚಲೋ, ಸಿನಿಮಾಕ್ಕ ಬ್ಯಾಡ, ಹೀರೋ ಹಿಂದ ನಿಂತು ಮಾತಾಡಿದಂಗ ಕೇಳ್ತೈತಿ. ಖರೇ 5.1 ಸಿನಿಮಾದಾಗೂ ಹಿಂದಿನ ಸ್ಪೀಕರ್ ಭಾಳ ಹೊತ್ತು ಸುಮ್ಮನ ಇರ್ತಾವ, ಮಳಿ, ಗದ್ದಲ, ಗಾಡಿ ಹಾದು ಹೋಗೂದು ಇದ್ದಾಗಷ್ಟ ಮಾತಾಡ್ತಾವ. ಅದು ಅದರ ಸ್ವಭಾವ, ಕೆಟ್ಟಿಲ್ಲ.

ಪ್ರಶ್ನೆ: ನಮ್ಮಲ್ಲಿ ಅಸೆಂಬಲ್ ಮಾಡ್ಸಿದ 5.1 ಆಂಪ್ಲಿಫೈಯರ್ ಐತಿ, ಹಿಂದ ಆರು ಪಿನ್ ಅದಾವ. ಬ್ಲೂಟೂತ್‌ನ್ಯಾಗ ಆರೂ ಬಡೀತಾವ ಆದ್ರ ಎಲ್ಲದ್ರಾಗೂ ಒಂದ ಆವಾಜ. ಸರೌಂಡ್ ಹ್ಯಾಂಗ ಮಾಡೂದು? — ಜಮಖಂಡಿ

ಬ್ಲೂಟೂತ್ ಹಾಡು ಎರಡ ಚಾನಲ್, ನಿಮ್ಮ ಬೋರ್ಡ್ ಅದನ್ನ ಆರು ಕಡೆ ಹಂಚತೈತಿ ಅಷ್ಟ. ಟಿವಿಯ ಕೆಂಪು ಬಿಳಿ ಪಿನ್ ಹಚ್ಚಿದ್ರೂ ಅದ ಕಥಿ. ನಿಮಗ ಬೇಕಾಗಿದ್ದು ಡಿಕೋಡರ್ ಡಬ್ಬಿ, ಒಂದು ಕಡೆ ಆಪ್ಟಿಕಲ್ ಇಲ್ಲಾ ಎಆರ್‌ಸಿ ಒಳಗ ಹೋಗ್ತೈತಿ, ಇನ್ನೊಂದು ಕಡೆ ಆರು ಪಿನ್ ಹೊರಗ ಬರ್ತಾವ. ತಗೊಳ್ಳೂವಾಗ ಡಾಲ್ಬಿ ಡಿಜಿಟಲ್ ಮತ್ತ ಡಿಟಿಎಸ್ (ಡಾಲ್ಬಿ ಹಂಗ ಇನ್ನೊಂದು ಪದ್ಧತಿ) ಎರಡೂ ಬಿಡಿಸ್ತೈತೇನು ಅಂತ ಅಂಗಡಿಯೊಳಗ ಹಚ್ಚಿ ನೋಡೇ ತಗೊಳ್ರಿ, ಡಬ್ಬಿ ಮ್ಯಾಲ ಬರದದ್ದು ನಂಬಬ್ಯಾಡ್ರಿ.

ಪ್ರಶ್ನೆ: ಸಿನಿಮಾದಾಗ ಮಾತು ಕೇಳಂಗಿಲ್ರಿ, ಫೈಟ್ ಬಂದ್ರ ಮನಿ ನಡಗತೈತಿ. ನಮ್ಮವರು ರಿಮೋಟ್ ಕೈಯಾಗ ಹಿಡಕೊಂಡ ಕುಂದರ್ತಾರ, ಮಾತಿಗೆ ಏರಸೂದು ಫೈಟಿಗೆ ಇಳಸೂದು, ಒಳಗಿಂದ ಅತ್ತಿ ಒದರೂದು. ಹೊಸಾ ಮನಿ, ದೊಡ್ಡ ಹಾಲ್, ತೆಳಗ ಪರ್ಸಿ, ಒಂದು ಕಡೆ ಪೂರ್ತಿ ಗ್ಲಾಸ್. — ಒಬ್ಬ ಗೃಹಿಣಿ, ವಿಜಯಪುರ

ಅಕ್ಕಾರ, ನಿಮ್ಮೂರಾಗ ಕುಂತು ಈ ಪ್ರಶ್ನೆ ಕೇಳಿದ್ರಲ್ಲ, ಗೋಳಗುಮ್ಮಟದಾಗ ಸಣ್ಣಗ ಚಪ್ಪಾಳಿ ಹೊಡದ್ರ ಅದು ಹೊಳ್ಳಿ ಹೊಳ್ಳಿ ಬರೂದು ನೀವ ಕೇಳೀರಿ. ನಿಮ್ಮ ಹಾಲ್‌ನ್ಯಾಗ ಅಷ್ಟು ಇರ್ಲಿಕ್ಕಿಲ್ಲ, ಆದ್ರ ಕಲ್ಲು, ಗ್ಲಾಸ್, ಸಿಮೆಂಟ್ ಸ್ಲ್ಯಾಬ್ ಮೂರೂ ಕೂಡಿದ್ರ ಒಂದು ಅಕ್ಷರ ಮುಗಿಯೂದ್ರಾಗ ಹಿಂದಿನ ಅಕ್ಷರ ಗ್ವಾಡಿಗೆ ಬಡದು ವಾಪಸ್ ಬಂದಿರ್ತೈತಿ, ಮಾತು ಕಲಸಿ ಹೋಗ್ತೈತಿ. ಹಾಲ್ ನಡುವ ನಿಂತು ಒಂದು ಚಪ್ಪಾಳಿ ಹೊಡೀರಿ, ಠಣ್ ಅಂತ ಬಾಲ ಉಳದ್ರ ಅದ ನಿಮ್ಮ ತಕರಾರು.

ಖರ್ಚಿಲ್ಲದ ಉಪಾಯ ಮೊದಲ ಮಾಡ್ರಿ. ಟಿವಿಗೂ ಸೋಫಾಕ್ಕೂ ನಡುವ ದಪ್ಪಂದು ಜಮಖಾನಿ ಹಾಸ್ರಿ, ಗ್ಲಾಸಿಗೆ ನೆರಿಗಿ ಭಾಳ ಇರೂ ದಪ್ಪ ಪಡದೆ ಬಿಡ್ರಿ. ಸೋಫಾ ಹಿಂದಿನ ಗ್ವಾಡಿಗೆ ಅಜ್ಜಿ ಹೊಲದ ಕೌದಿ ಇದ್ರ ತೂಗ ಹಾಕ್ರಿ, ನೋಡಾಕೂ ಚೆಂದ, ಗ್ವಾಡಿಗೆ ಅಂಟಿಸದ ಒಂದೆರಡು ಇಂಚು ಬಿಟ್ಟು ಕಟ್ಟಿದ್ರ ಇನ್ನೂ ಚಲೋ ಹೀರ್ಕೊಳ್ತೈತಿ. ಕೌದಿಯಿಂದ ಬೇಸ್ ಏನೂ ಕಡಿಮಿ ಆಗಂಗಿಲ್ಲ, ಮಾತಿನ ಸ್ಪಷ್ಟತೆ ಅಷ್ಟ ಬರ್ತೈತಿ, ನಿಮಗ ಬೇಕಾಗಿದ್ದೂ ಅದ.

ಆಮ್ಯಾಲ ನಡುವಿನ ಸ್ಪೀಕರ್. ಸಿನಿಮಾದ ಮಾತು ಹೆಚ್ಚೂ ಕಡಿಮಿ ಪೂರ್ತಿ ಅದರಿಂದನ ಬರ್ತೈತಿ, ಮತ್ತ ಭಾಳ ಮನ್ಯಾಗ ಅದನ್ನ ಶೋಕೇಸ್ ಕಪಾಟಿನ ಒಳಗ ದೂಡಿ ಮುಂದ ಗಣಪತಿ, ಫೋಟೋ, ಪ್ಲಾಸ್ಟಿಕ್ ಹೂವು ಇಟ್ಟಿರ್ತಾರ. ಅದನ್ನ ಕಪಾಟಿನ ಅಂಚಿಗೆ ಜಗ್ಗಿ ಮುಂದ ತರ್ರಿ, ಮುಖ ಸ್ವಲ್ಪ ಮ್ಯಾಲ ಮಾಡ್ರಿ, ಕಿವಿ ಕಡೆ ನೋಡಬೇಕು ಅದು. ರಿಸೀವರ್ ಮೆನುದಾಗ ಸೆಂಟರ್ ಲೆವೆಲ್ 2 ಇಲ್ಲಾ 3 ಡೆಸಿಬಲ್ ಏರಿಸ್ರಿ, ಅದಕ್ಕಿಂತ ಹೆಚ್ಚಾದ್ರ ಬರೇ ಮಾತ ಕೇಳ್ತೈತಿ. ಅತ್ತೀಯವರ ಸಲುವಾಗಿ ನೈಟ್ ಮೋಡ್ ಇಲ್ಲಾ ಡೈನಾಮಿಕ್ ರೇಂಜ್ ಅನ್ನೂದು ಆನ್ ಮಾಡ್ರಿ, ಫೈಟ್ ತೆಳಗ ಇಳೀತೈತಿ ಮಾತು ಮ್ಯಾಲ ಏರ್ತೈತಿ. ನಿಮ್ಮವರು ಮಜಾ ಹೋತು ಅಂತಾರ, ಅನ್ಲಿ, ರಾತ್ರಿ ಹತ್ತರ ಮ್ಯಾಲ ಅಷ್ಟ ಹಾಕ್ರಿ.

ಪ್ರಶ್ನೆ: ಸಬ್‌ವೂಫರ್ ಸಿನಿಮಾ ಇಲ್ಲದಿದ್ರೂ ಹ್ಞೂಂ ಅಂತಿರ್ತೈತಿ. ಯಾರೋ ಪ್ಲಗ್‌ನ ದೊಡ್ಡ ಪಿನ್ ಕಡದು ಹಾಕ್ರಿ ಅಂದ್ರು. — ಗೋಕಾಕ

ಕಡೀಬ್ಯಾಡ್ರಿ. ಅದು ಅರ್ಥಿಂಗ್ ಪಿನ್, ಒಳಗ ಏನರ ಶಾರ್ಟ್ ಆದ್ರ ನಿಮ್ಮನ್ನ ಕಾಯೂದು ಅದ. ನಮ್ಮ ಕರೆಂಟ್ 50 ಹರ್ಟ್ಸ್‌ದ್ದು, ಎರಡು ಕಡಿಂದ ಅರ್ಥ್ ಸಿಕ್ಕಾಗ ಆ ಹ್ಞೂಂಕಾರ ಆಡಿಯೋ ಕೇಬಲ್ ಹಿಡದು ಬರ್ತೈತಿ. ಭಾಳ ಸಲ ಎರಡನೇ ಅರ್ಥ್ ತರೂದು ಡಿಶ್ ಇಲ್ಲಾ ಕೇಬಲ್‌ನವರ ವೈರ್. ಸೆಟ್‌ಟಾಪ್ ಬಾಕ್ಸಿಗೆ ತಿರುವಿ ಹಚ್ಚಿದ ಆ ದುಂಡನ ಕೇಬಲ್ ಬಿಚ್ಚಿ ನೋಡ್ರಿ, ಹ್ಞೂಂ ನಿಂತ್ರ ಕಳ್ಳ ಸಿಕ್ಕಂಗ, ಅದಕ್ಕ ಐಸೊಲೇಟರ್ (ಅರ್ಥ್ ದಾರಿ ಕಡದು ಸಿಗ್ನಲ್ ಅಷ್ಟ ಬಿಡೂ ಸಣ್ಣ ಜೋಡಣಿ) ಹಾಕಸ್ರಿ. ನಿಲ್ಲಲಿಲ್ಲಂದ್ರ ಟಿವಿ, ರಿಸೀವರ್, ಸಬ್‌ವೂಫರ್ ಮೂರನ್ನೂ ಒಂದ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಚ್ಚಿ ನೋಡ್ರಿ. ರಿಸೀವರ್‌ನಿಂದ ಸಬ್‌ವೂಫರ್‌ಗೆ ಆವಾಜ ತರೂ ಪಿನ್ ಕೇಬಲ್ ಕಿತ್ತಿದ ಮ್ಯಾಲೂ ಹ್ಞೂಂ ಅಂತಂದ್ರ ಮಾತ್ರ ಸಬ್‌ವೂಫರ್‌ದ್ದ ತಪ್ಪು.

ಪ್ರಶ್ನೆ: 12 ಅಡಿ ಉದ್ದ 10 ಅಡಿ ಅಗಲದ ಖೋಲಿ. ನಡುವ ಕುರ್ಚಿ ಹಾಕ್ಕೊಂಡು ಕುಂತ್ರ ಬೇಸ್ ಇಲ್ಲ, ಬಾಗಲದಾಗ ನಿಂತವರಿಗೆ ಎದಿ ಗುದ್ದಿದಂಗ ಬೇಸ್. ಸಬ್‌ವೂಫರ್ ದೊಡ್ಡದು ತರ್ಲೇನು? — ಟಿಳಕವಾಡಿ, ಬೆಳಗಾವಿ

ದೊಡ್ಡದು ತಂದ್ರ ಬಾಗಲದಾಗ ನಿಂತವರಿಗೆ ಇನ್ನೂ ಜೋರ್ ಗುದ್ದತೈತಿ, ನಿಮಗೇನೂ ಇಲ್ಲ. ಸೌಂಡ್ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗ್ತೈತಿ, ಆ ಲೆಕ್ಕದಾಗ 12 ಅಡಿ ಖೋಲಿ ಸುಮಾರು 47 ಹರ್ಟ್ಸ್‌ಗೆ ಮತ್ತ 10 ಅಡಿ ಸುಮಾರು 56 ಹರ್ಟ್ಸ್‌ಗೆ ಗುಂಯ್‌ಗುಡತೈತಿ, ಗ್ವಾಡಿ ಬಾಜೂಕ ಅದು ಜೋರ್ ಇರ್ತೈತಿ, ಅಗದೀ ನಡುವ ಹತ್ತಹತ್ರ ಇಲ್ಲದಂಗ. ನೀವು ಬರೋಬ್ಬರಿ ಆ ಖಾಲಿ ಜಾಗಾದಾಗ ಕುಂತೀರಿ. ಕುರ್ಚಿ ಎರಡು ಅಡಿ ಹಿಂದ ಸರಸ್ರಿ, ಅದ ಅರ್ಧ ಕೆಲಸ ಮಾಡ್ತೈತಿ.

ಆಮ್ಯಾಲ ಸಬ್‌ವೂಫರ್‌ನ ನಿಮ್ಮ ಕುರ್ಚಿ ಮ್ಯಾಲ ಇಟ್ಟು ಬೇಸ್ ಇರೂ ಒಂದು ಹಾಡು ಹಚ್ಚಿ, ನೀವು ಗ್ವಾಡಿಗುಂಟ ಮೊಳಕಾಲ ಮ್ಯಾಲ ಅಂಬೆಗಾಲು ಹಾಕ್ಕೋತ ಹೋಗ್ರಿ, ಬೇಸ್ ಎಲ್ಲಿ ಹದವಾಗಿ ಕೇಳ್ತೈತಿ ಅಲ್ಲಿ ಸಬ್‌ವೂಫರ್ ಇಡ್ರಿ. ಮನ್ಯಾಗಿನವರು ನಗತಾರ, ಬಾಗಲಾ ಹಾಕ್ಕೊಳ್ರಿ. ಹಿಂದ ಇರೂ ಫೇಸ್ ಸ್ವಿಚ್ 0 ಮತ್ತ 180 ಎರಡೂ ಮಾಡಿ ಯಾವುದ್ರಾಗ ಹೆಚ್ಚು ಬರ್ತೈತಿ ಅದನ್ನ ಬಿಡ್ರಿ, ಮೆನುದಾಗ ಕ್ರಾಸ್‌ಓವರ್ (ಇದರ ತೆಳಗಿನ ಆವಾಜ ಸಬ್‌ವೂಫರ್‌ಗೆ ಹೋಗೂ ಗಡಿ) 80 ಹರ್ಟ್ಸ್‌ಗೆ ಇಟ್ರ ಸಣ್ಣ ಸ್ಪೀಕರ್‌ಗೂ ಆರಾಮ.

ಮುಂದಿನ ಸ್ಪೀಕರ್‌ದು ಕೆಂಪು ಕರಿ ವೈರ್ ಒಂದರದ್ದು ಉಲ್ಟಾ ಆಗಿದ್ರೂ ಬೇಸ್ ಸಾಯ್ತೈತಿ. ಅದನ್ನೂ ಪರೀಕ್ಷಾ ಮಾಡ್ರಿ, ವೈರ್ ರಿಸೀವರ್‌ನಿಂದ ಬಿಚ್ಚಿ ಒಂದು ಪೆನ್ಸಿಲ್ ಸೆಲ್‌ನ ಪ್ಲಸ್‌ಗೆ ಕೆಂಪು, ಮೈನಸ್‌ಗೆ ಕರಿ ಒಂದು ಕ್ಷಣ ತಾಗಿಸ್ರಿ, ದೊಡ್ಡ ಕೋನ್ ಟಪ್ ಅಂತ ಹೊರಗ ಬಂದ್ರ ಸರಿ, ಒಳಗ ಹೋದ್ರ ಉಲ್ಟಾ.

ಪ್ರಶ್ನೆ: ಸೋಫಾ ಗ್ವಾಡಿಗೆ ಹತ್ತಿ ಐತಿ, ಹಿಂದಿನ ಸ್ಪೀಕರ್ ಎಲ್ಲಿ ಬಡೀಲಿ? — ಬೈಲಹೊಂಗಲ

ತಲಿ ಹಿಂದ ಬ್ಯಾಡ. ಆಜೂಬಾಜೂ ಗ್ವಾಡಿಗೆ, ನಿಮ್ಮ ಕಿವಿಗಿಂತ ಒಂದು ಎರಡು ಅಡಿ ಮ್ಯಾಲ ಬಡೀರಿ. ನೀವು ಟಿವಿ ಕಡೆ ಮುಖ ಮಾಡಿದಾಗ 110 ಡಿಗ್ರಿ ಅಂದ್ರ ಕಿವಿಗಿಂತ ಸ್ವಲ್ಪ ಹಿಂದ ಬರಬೇಕು, ಜಾಗಾ ಇಲ್ಲಂದ್ರ ಸೀದಾ ಬಾಜೂಕ ಇದ್ರೂ ನಡೀತೈತಿ. ಬಡದಾದ ಮ್ಯಾಲ ರಿಸೀವರ್ ಜೋಡಿ ಬಂದ ಮೈಕ್‌ನ ಕಿವಿ ಎತ್ತರಕ್ಕ ಇಟ್ಟು ಆಟೋ ಸೆಟಪ್ ಮಾಡ್ರಿ, ಫ್ಯಾನ್ ಬಂದ್ ಮಾಡಿ, ಕುಕ್ಕರ್ ಇಳಿಸಿ. ಸಬ್‌ವೂಫರ್ ದೂರ ಟೇಪ್ ಹಿಡದದ್ದಕ್ಕಿಂತ ಹೆಚ್ಚು ತೋರಿಸಿದ್ರ ತಿದ್ದಬ್ಯಾಡ್ರಿ, ಅದರೊಳಗಿನ ಸರ್ಕ್ಯೂಟ್ ತಡ ಮಾಡೂದನ್ನೂ ಅದು ಲೆಕ್ಕ ಹಿಡದಿರ್ತೈತಿ.

ಪ್ರಶ್ನೆ: ಪೆನ್‌ಡ್ರೈವ್‌ನ ಕೆಲವು ಸಿನಿಮಾಕ್ಕ ಚಿತ್ರ ಬರ್ತೈತಿ, ಆವಾಜನ ಇಲ್ಲ. — ಸಿಂದಗಿ

ಆ ಫೈಲ್ ಡಿಟಿಎಸ್ ಆಡಿಯೋದ್ದು ಇರಬೇಕು, ಕೆಲವು ಟಿವಿ ಡಿಟಿಎಸ್ ಬಿಡಿಸೂದೂ ಇಲ್ಲ, ಮುಂದ ಕಳಸೂದೂ ಇಲ್ಲ. ಪೆನ್‌ಡ್ರೈವ್ ಓದೂ ಪ್ಲೇಯರ್ ಡಬ್ಬಿ ಇದ್ರ ಅದನ್ನ ಸೀದಾ ರಿಸೀವರ್‌ಗೆ ಹಚ್ಚಿ, ರಿಸೀವರ್‌ನಿಂದ ಟಿವಿಗೆ ಕಳಸ್ರಿ.

ಪ್ರಶ್ನೆ: ವಾಲ್ಯೂಮ್ ಏರಿಸಿದ್ರ ರಿಸೀವರ್ ಟಕ್ ಅಂತ ಬಂದ್ ಆಗಿ ಪ್ರೊಟೆಕ್ಟ್ ಅಂತ ತೋರಿಸ್ತೈತಿ. — ಇಳಕಲ್

ಕರೆಂಟ್ ಬಂದ್ ಮಾಡಿ ಹಿಂದಿನ ವೈರ್ ಒಂದೊಂದ ನೋಡ್ರಿ. ಕೆಂಪು ಕಿಂಡ್ಯಾಗ ತುರಕಿದ ತಾಮ್ರದ ಒಂದ ಎಳಿ ಹೊರಗ ಬಂದು ಕರಿ ಕಿಂಡಿಗೆ ತಾಗಿದ್ರ ಸಾಕು. ವೈರ್ ತುದಿ ಹೊಸಾದಾಗಿ ಬಿಡಿಸಿ, ಎಳಿ ಗಟ್ಟಿಯಾಗಿ ತಿರುವಿ, ಅರ್ಧ ಇಂಚಷ್ಟ ಒಳಗ ಹಾಕ್ರಿ. ಇಲಿ ಕಡದಿದ್ರ ಪೂರ್ತಿ ವೈರ್ ಬದ್ಲಿ ಮಾಡ್ರಿ, 1.5 ಸ್ಕ್ವೇರ್ ಎಂಎಂ ತಾಮ್ರದ್ದು ಸಾಕು. ರಿಸೀವರ್ 6 ಓಮ್‌ಕ್ಕಿಂತ ಕಡಿಮಿ ಬ್ಯಾಡ ಅಂದಿದ್ರ 4 ಓಮ್ ಸ್ಪೀಕರ್ ಹಚ್ಚಬ್ಯಾಡ್ರಿ. ನಮ್ಮ ಕಡಿ ಬ್ಯಾಸಗಿ, ಮ್ಯಾಲ ಧೂಳು, ಅದನ್ನ ಮುಚ್ಚಿದ ಕಪಾಟಿನ್ಯಾಗ ಇಟ್ಟು ಮ್ಯಾಲ ಸೆಟ್‌ಟಾಪ್ ಬಾಕ್ಸ್ ಹೇರಿದ್ರ ಕಾದ ಬಂದ್ ಆಗ್ತೈತಿ, ಮ್ಯಾಲ ನಾಲ್ಕು ಇಂಚಾದ್ರೂ ಗಾಳಿಗೆ ಜಾಗಾ ಬಿಡ್ರಿ. ಎಲ್ಲಾ ಸ್ಪೀಕರ್ ವೈರ್ ಬಿಚ್ಚಿ ಖಾಲಿ ರಿಸೀವರ್ ಆನ್ ಮಾಡಿದ್ರೂ ಪ್ರೊಟೆಕ್ಟ್ ತೋರಿಸಿದ್ರ ಮಾತ್ರ ರಿಪೇರಿಗೆ ಒಯ್ರಿ, ಅದೂ ರಿಸೀವರ್ ಒಂದನ್ನ, ಸ್ಪೀಕರ್ ಹೊತಗೊಂಡು ಹೋಗಬ್ಯಾಡ್ರಿ.