ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಐದು ಕುಟುಂಬ, ಎರಡು ರಾತ್ರಿ, ಪಕ್ಕದಲ್ಲೇ ಕಾಡು

ಈ ಸಲ ಬಂದ ಪತ್ರಗಳಲ್ಲಿ ಕ್ಯಾಂಪಿಂಗ್ ವಿಷಯವೇ ಜಾಸ್ತಿ. ಅದರಲ್ಲೂ ನಾಲ್ಕೈದು ಕುಟುಂಬ ಸೇರಿಕೊಂಡು, ಮಕ್ಕಳು ಮರಿ ಸಮೇತ, ರಾಷ್ಟ್ರೀಯ ಉದ್ಯಾನದ ಹತ್ತಿರ ಟೆಂಟ್ ಹಾಕಲು ಹೊರಟವರ ಪ್ರಶ್ನೆಗಳು. ಒಂದೇ ಥರದವನ್ನು ಸೇರಿಸಿ ಇಲ್ಲಿ ಉತ್ತರ ಕೊಟ್ಟಿದ್ದೇವೆ.

ಐದು ಕುಟುಂಬ ಸೇರಿ ವಾರಾಂತ್ಯದ ಕ್ಯಾಂಪಿಂಗ್‌ಗೆ ಹೊರಟಿದ್ದೇವೆ. ದೊಡ್ಡವರು ಹತ್ತು, ಮಕ್ಕಳು ಒಂಬತ್ತು. ವಾಟ್ಸ್‌ಆ್ಯಪ್ ಗ್ರೂಪ್ ಮಾಡಿ ತಿಂಗಳಾಯಿತು. ದಿನಾ ಮೆಸೇಜ್ ಬರುತ್ತವೆ, ಒಂದು ತೀರ್ಮಾನವೂ ಆಗಿಲ್ಲ. ಎಲ್ಲರೂ "ನೀವು ಹೇಗೆ ಹೇಳ್ತೀರೋ ಹಾಗೆ" ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

"ನೀವು ಹೇಗೆ ಹೇಳ್ತೀರೋ ಹಾಗೆ" ಅಂದವರೇ ಅಲ್ಲಿಗೆ ಹೋದ ಮೇಲೆ "ಇಲ್ಲಿಗ್ಯಾಕೆ ಬಂದ್ವಿ" ಅನ್ನುವವರು. ಹಾಗಾಗಿ ಗ್ರೂಪಿನಲ್ಲಿ ಎಲ್ಲರನ್ನೂ ಕೇಳುವುದನ್ನು ಇವತ್ತೇ ನಿಲ್ಲಿಸಿ. ಹೆಸರು ಹಿಡಿದು ಕೆಲಸ ಹಂಚಿ. ಜಾಗ ಕಾದಿರಿಸುವುದು ಒಬ್ಬರು, ಅಡುಗೆ ಸಾಮಾನಿನ ಪಟ್ಟಿ ಒಬ್ಬರು, ಔಷಧಿ ಪೆಟ್ಟಿಗೆ ಒಬ್ಬರು, ಲೆಕ್ಕ ಒಬ್ಬರು. ಹತ್ತು ಜನ ಸೇರಿದಲ್ಲಿ ಹಾವು ಸಾಯಲ್ಲ ಅಂತ ಹಿರಿಯರು ಸುಮ್ನೆ ಹೇಳಿಲ್ಲ.

ಮೊದಲು ಜಾಗ. ಒಂದು ಸೈಟಿನಲ್ಲಿ ಎಷ್ಟು ಜನ, ಎಷ್ಟು ಟೆಂಟ್, ಎಷ್ಟು ಗಾಡಿ ಅನ್ನುವುದಕ್ಕೆ ಬಹುತೇಕ ಎಲ್ಲ ಕಡೆ ಮಿತಿ ಇರುತ್ತದೆ. ಹತ್ತೊಂಬತ್ತು ಜನ ಸಾಮಾನ್ಯ ಸೈಟಿನಲ್ಲಿ ಹಿಡಿಸುವುದಿಲ್ಲ. ಗುಂಪಿಗೆಂದೇ ಬೇರೆ ಸೈಟ್ ಇದ್ದರೆ ಅದನ್ನೇ ಕೇಳಿ. ಅವು ಕಡಿಮೆ ಸಂಖ್ಯೆಯಲ್ಲಿರುತ್ತವೆ, ಬೇಗ ತುಂಬುತ್ತವೆ. ಅಲ್ಲಲ್ಲಿ ಚದುರಿದ ನಾಲ್ಕು ಸೈಟ್ ಹಿಡಿದು ನಿಭಾಯಿಸುತ್ತೇವೆ ಅನ್ನಬೇಡಿ. ಅಡುಗೆ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ, ನಡುವೆ ಬೇರೆಯವರ ಟೆಂಟ್. ಎರಡು ದಿನ ನಡೆಯುವುದರಲ್ಲೇ ಮುಗಿಯುತ್ತದೆ.

ಆಮೇಲೆ ಮಕ್ಕಳು. ನನ್ನ ಕೇಳಿದರೆ ಉಳಿದದ್ದೆಲ್ಲ ಇದರ ನಂತರ. ಹತ್ತು ಜನ ದೊಡ್ಡವರಿದ್ದಾರೆ, ಯಾರಾದರೂ ನೋಡಿಕೊಳ್ಳುತ್ತಾರೆ ಅಂತ ಹತ್ತೂ ಜನ ಅಂದುಕೊಂಡಾಗ ಮಗು ನೀರಿನ ಹತ್ತಿರ ಹೋಗಿರುತ್ತದೆ. ಅದಕ್ಕೆ ಪಾಳಿ ಇರಲಿ. ಒಂದೊಂದು ಗಂಟೆ, ಒಂದು ಪಾಳಿಗೆ ಇಬ್ಬರು. ಪಾಳಿಯಲ್ಲಿರುವವರ ಕೊರಳಲ್ಲಿ ಒಂದು ಸೀಟಿ ನೇತಾಡಲಿ. ಗಂಟೆ ಮುಗಿದಾಗ ಸೀಟಿಯನ್ನು ಕೈಯಿಂದ ಕೈಗೆ ಕೊಟ್ಟು, ತಲೆ ಎಣಿಸಿ, "ಒಂಬತ್ತೂ ಇದ್ದಾರೆ" ಅಂತ ಬಾಯಿಬಿಟ್ಟು ಹೇಳಿ. ನಾಟಕ ಅನ್ನಿಸಬಹುದು, ಪರವಾಗಿಲ್ಲ. ಸೀಟಿ ಕೊರಳಲ್ಲಿ ಇರುವಷ್ಟು ಹೊತ್ತು ಮೊಬೈಲ್ ಇಲ್ಲ, ಹರಟೆ ಇಲ್ಲ, ಒಲೆ ಹತ್ತಿರ ಸಹಾಯವೂ ಇಲ್ಲ. ತುಂಬಾ ಎಚ್ಚರ ಬೇಕಾದದ್ದು ಟೆಂಟ್ ಹಾಕುವಾಗ ಮತ್ತು ಕೊನೆಯ ದಿನ ಗಂಟುಮೂಟೆ ಕಟ್ಟುವಾಗ, ಯಾಕೆಂದರೆ ಆಗ ದೊಡ್ಡವರೆಲ್ಲರ ಕೈಯಲ್ಲೂ ಏನೋ ಒಂದು ಸಾಮಾನು ಇರುತ್ತದೆ, ಗಾಡಿಗಳು ಹಿಂದೆ ಮುಂದೆ ಹೋಗುತ್ತಿರುತ್ತವೆ, ಮಕ್ಕಳಿಗೆ ಹೊಸ ಜಾಗ ನೋಡುವ ಆತುರ.

ನಾವು ಹೋಗುತ್ತಿರುವ ಜಾಗ ಉದ್ಯಾನದ ಗಡಿಯಿಂದ ಹೊರಗಿದೆ. ಹಾಗಾದರೆ ಪ್ರಾಣಿಗಳ ಚಿಂತೆ ಬೇಡ ಅಲ್ವಾ?

ಗಡಿ ಇರುವುದು ನಕ್ಷೆಯಲ್ಲಿ. ಪ್ರಾಣಿ ನಕ್ಷೆ ನೋಡುವುದಿಲ್ಲ. ನೀರು ಎಲ್ಲಿದೆ, ಮೇವು ಎಲ್ಲಿದೆ, ಸುಲಭವಾಗಿ ತಿನ್ನಲು ಏನು ಸಿಗುತ್ತದೆ ಅಂತ ನೋಡಿ ಬರುತ್ತದೆ. ಗಡಿಯ ಹೊರಗೆ ಬದಲಾಗುವುದು ನಿಯಮ ಮತ್ತು ಕಾವಲು ಮಾತ್ರ, ಅದೂ ಸಡಿಲವಾಗುತ್ತದೆ. ಅಂದರೆ ನಿಮ್ಮ ಜವಾಬ್ದಾರಿ ಕಡಿಮೆಯಲ್ಲ, ಜಾಸ್ತಿ.

ಕ್ಯಾಂಪಿಗೆ ಪ್ರಾಣಿ ಬರುವುದು ಹೆಚ್ಚಾಗಿ ಊಟದ ವಾಸನೆಗೆ. ಅಮೆರಿಕದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ರಾತ್ರಿ ಹೊತ್ತು ಕಾರಿನಲ್ಲಿ ತಿಂಡಿ ಇಡುವಂತಿಲ್ಲ. ಕರಡಿಗಳು ಕಿಟಕಿ ಒಡೆದು, ಬಾಗಿಲು ಬಗ್ಗಿಸಿ ಒಳಗೆ ನುಗ್ಗುವುದನ್ನು ಕಲಿತಿವೆ. ಅಲ್ಲಿ ಕ್ಯಾಂಪ್ ಸೈಟುಗಳಲ್ಲಿ ಕಬ್ಬಿಣದ ಪೆಟ್ಟಿಗೆ ಇಟ್ಟಿದ್ದಾರೆ, ವಾಸನೆ ಬರುವುದೆಲ್ಲ ಅದರೊಳಗೆ ಹೋಗಬೇಕು. ಆಫ್ರಿಕಾದ ಕ್ಯಾಂಪುಗಳಲ್ಲಿ ಮಂಗಗಳದ್ದೇ ಕಾಟ. ಬಬೂನ್‌ಗಳಿಗೆ ಟೆಂಟಿನ ಜಿಪ್ ಎಳೆಯುವುದು ದೊಡ್ಡ ವಿಷಯವಲ್ಲ. ನೀವು ಹೋಗುವ ಕಡೆ ಯಾವ ಪ್ರಾಣಿ, ಅಲ್ಲಿನ ನಿಯಮ ಏನು ಅಂತ ಅಲ್ಲಿನ ಅರಣ್ಯ ಸಿಬ್ಬಂದಿಯನ್ನೇ ಕೇಳಿ. ಕರಡಿಗೆ ಹೇಳಿದ ಉಪಾಯ ಆನೆಗೆ ನಡೆಯುವುದಿಲ್ಲ.

ಆದರೆ ಎಲ್ಲ ಕಡೆಗೂ ಒಂದು ಮಾತು ಒಪ್ಪುತ್ತದೆ. ಮಲಗುವ ಟೆಂಟಿನೊಳಗೆ ತಿನ್ನುವುದು ಬೇಡ, ತಿನ್ನುವುದನ್ನು ಇಡುವುದೂ ಬೇಡ. ತಿಂಡಿ ಅಂದರೆ ಬರೀ ತಿಂಡಿಯಲ್ಲ. ಟೂತ್‌ಪೇಸ್ಟ್, ಸೋಪು, ಮಗುವಿನ ವೈಪ್ಸ್, ತುಟಿಗೆ ಹಚ್ಚುವ ಕ್ರೀಮ್, ಕಸದ ಚೀಲ, ಎಲ್ಲವೂ ವಾಸನೆಯೇ. ಮಕ್ಕಳಿರುವ ಮನೆಯವರು ಇನ್ನೊಂದು ಕೆಲಸ ಮಾಡಿ. ಕಾರಿನಲ್ಲಿರುವ ಮಗುವಿನ ಸೀಟನ್ನು ಎತ್ತಿ ಅದರ ಕೆಳಗೆ ನೋಡಿ. ಬಿಸ್ಕತ್ತಿನ ಪುಡಿ, ಒಣಗಿದ ಹಣ್ಣಿನ ಚೂರು, ಅರ್ಧ ಚೀಪಿದ ಚಾಕೊಲೇಟ್, ಪೂರಾ ಅಂಗಡಿಯೇ ಇರುತ್ತದೆ. ಹೊರಡುವ ಮೊದಲೇ ಗುಡಿಸಿ. ಟೆಂಟಿಗೆ ಹೋಗುವ ಮುಂಚೆ ಮಕ್ಕಳ ಜೇಬನ್ನೂ ಹೊರಳಿಸಿ ನೋಡಿ.

ಇನ್ನು ದೂರ. ಅಮೆರಿಕದ್ದೇ ಇನ್ನೊಂದು ಉದ್ಯಾನ ಯೆಲ್ಲೋಸ್ಟೋನ್‌ನಲ್ಲಿ ಕರಡಿ, ತೋಳಗಳಿಂದ ಕನಿಷ್ಠ 91 ಮೀಟರ್, ಕಾಡೆಮ್ಮೆ ಜಾತಿಯ ಬೈಸನ್, ಜಿಂಕೆ ಮುಂತಾದವುಗಳಿಂದ 23 ಮೀಟರ್ ದೂರ ಇರಬೇಕೆಂಬ ನಿಯಮ ಇದೆ. ತಮಾಷೆ ಏನೆಂದರೆ ಅಲ್ಲಿ ಜನ ಹೆದರುವುದು ಕರಡಿಗೆ, ಏಟು ತಿನ್ನುವುದು ಹೆಚ್ಚಾಗಿ ಬೈಸನ್‌ನಿಂದ. ಹುಲ್ಲು ಮೇಯುತ್ತಾ ನಿಂತಿದೆ, ಪಾಪದ ಪ್ರಾಣಿ ಅಂತ ಫೋಟೋಗೆ ಹತ್ತಿರ ಹೋಗುತ್ತಾರೆ. ಅದು ಮನುಷ್ಯನಿಗಿಂತ ಮೂರು ಪಟ್ಟು ವೇಗವಾಗಿ ಓಡುತ್ತದೆ. ಮಕ್ಕಳಿಗೆ ಮೀಟರ್ ಲೆಕ್ಕ ಹೇಳಿದರೆ ಅರ್ಥವಾಗುವುದಿಲ್ಲ. ಕೈ ಉದ್ದಕ್ಕೆ ಚಾಚಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ ಹಿಡಿಯಲು ಹೇಳಿ. ಪ್ರಾಣಿ ಹೆಬ್ಬೆರಳಿನ ಹಿಂದೆ ಪೂರ್ತಿ ಮರೆಯಾಗದಿದ್ದರೆ ನಾವು ತುಂಬಾ ಹತ್ತಿರ ಇದ್ದೇವೆ, ಹಿಂದೆ ಸರಿಯಬೇಕು. ಆಟವೂ ಆಯಿತು, ಪಾಠವೂ ಆಯಿತು.

ನಮ್ಮದು ಎರಡು ವರ್ಷದ ಮಗು. ಜಾಗ ಎತ್ತರದಲ್ಲಿದೆ, ರಾತ್ರಿ ಚಳಿ ಅಂತ ಹೇಳಿದರು. ಟೆಂಟಿನೊಳಗೆ ಸ್ವಲ್ಪ ಹೊತ್ತು ಇದ್ದಿಲ ಕೆಂಡ ಅಥವಾ ಗ್ಯಾಸ್ ಸ್ಟವ್ ಇಟ್ಟು ಬೆಚ್ಚಗೆ ಮಾಡಿ, ಆಮೇಲೆ ಆರಿಸಬಹುದೇ?

ಬೇಡ. ಐದು ನಿಮಿಷಕ್ಕೂ ಬೇಡ. ಜಿಪ್ ಸ್ವಲ್ಪ ತೆಗೆದಿಟ್ಟರೂ ಬೇಡ.

ಕೆಂಡದಿಂದ, ಗ್ಯಾಸ್ ಉರಿಯಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತ ಆಮ್ಲಜನಕ ಹಿಡಿಯುವ ಜಾಗದಲ್ಲಿ ಇದು ಕೂತುಬಿಡುತ್ತದೆ. ತಲೆನೋವು, ಮಂಪರು, ವಾಕರಿಕೆ, ಇಷ್ಟೇ ಸುಳಿವು. ಮಲಗಿದವರಿಗೆ ಅದೂ ಗೊತ್ತಾಗುವುದಿಲ್ಲ. ಊಟ ಮಾಡಿದ ಮೇಲೆ ಆರುತ್ತಾ ಬಂದ ಗ್ರಿಲ್ಲನ್ನು ಟೆಂಟಿನೊಳಗೆ ಎಳೆದುಕೊಂಡು ಮಲಗಿ ಕುಟುಂಬಕ್ಕೆ ಕುಟುಂಬವೇ ಸತ್ತದ್ದುಂಟು. ಕೆಂಡ ಕಪ್ಪಾದ ಮಾತ್ರಕ್ಕೆ ಅನಿಲ ನಿಲ್ಲುವುದಿಲ್ಲ. ಇದರ ಮೇಲೆ ಟೆಂಟಿನ ಬಟ್ಟೆಗೆ ಬೆಂಕಿ ತಗುಲುವ ಭಯ ಬೇರೆ.

ಚಳಿಗೆ ದಾರಿ ಬೇರೆ ಇದೆ. ಎತ್ತರ ಪ್ರತಿ 1000 ಮೀಟರ್ ಏರಿದಂತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಕಡಿಮೆಯಾಗುತ್ತದೆ. ಕೆಳಗಿನ ಊರಿನ ಹವಾಮಾನ ನೋಡಿ ಬಟ್ಟೆ ತುಂಬಿಕೊಂಡರೆ ಅಲ್ಲೇ ಎಡವಟ್ಟು. ಮೇಲೆ ಹೊದೆಯುವುದಕ್ಕಿಂತ ಕೆಳಗೆ ಹಾಸುವುದು ಮುಖ್ಯ, ಯಾಕೆಂದರೆ ನೆಲ ರಾತ್ರಿಯಿಡೀ ಮೈಯ ಬಿಸಿ ಎಳೆಯುತ್ತಿರುತ್ತದೆ. ಗಾಳಿ ತುಂಬಿದ ಸಾಮಾನ್ಯ ಹಾಸಿಗೆ ಮೆತ್ತಗಿರುತ್ತದೆ ನಿಜ, ಆದರೆ ಒಳಗಿನ ಗಾಳಿ ತಣ್ಣಗಾಗಿ ಬೆನ್ನು ಕೊರೆಯುತ್ತದೆ. ಅದರ ಮೇಲೆ ಫೋಮ್ ಮ್ಯಾಟ್ ಹಾಕಿ. ಮಲಗುವ ಬಟ್ಟೆಯನ್ನು ಬೇರೆಯಾಗಿ ಒಣ ಚೀಲದಲ್ಲಿ ಇಡಿ, ದಿನವಿಡೀ ಬೆವರಿದ ಬಟ್ಟೆಯಲ್ಲಿ ಮಗುವನ್ನು ಮಲಗಿಸಬೇಡಿ. ಮಗುವಿನ ಮುಖದ ಮೇಲೆ ದೊಡ್ಡವರ ರಗ್ಗು ಜಾರದಂತೆ ನೋಡಿಕೊಳ್ಳಿ. ಪದರ ಪದರವಾಗಿ ಉಡುಪು ಹಾಕುವುದೇ ಕ್ಷೇಮ. ಟೆಂಟಿನ ಗಾಳಿಕಿಂಡಿ ಮುಚ್ಚಬೇಡಿ, ಮುಚ್ಚಿದರೆ ಉಸಿರಿನ ತೇವ ಒಳಗೇ ಕೂತು ಬೆಳಗ್ಗೆ ಹೊದಿಕೆಯೆಲ್ಲ ಒದ್ದೆ.

ಅತ್ತೆಗೆ ಅರವತ್ತೆಂಟು. ತಾವೂ ಬರುತ್ತೇನೆ ಅನ್ನುತ್ತಿದ್ದಾರೆ. ಬೇಡ ಅನ್ನಲು ಮನಸ್ಸಿಲ್ಲ, ಕರೆದುಕೊಂಡು ಹೋಗಲು ಭಯ.

ಕರೆದುಕೊಂಡು ಹೋಗಿ. ನಿಜವಾದ ಸಮಸ್ಯೆ ಎರಡೇ: ನೆಲದಿಂದ ಏಳುವುದು, ರಾತ್ರಿ ಶೌಚಾಲಯ. ಮೊದಲನೆಯದಕ್ಕೆ ಮಡಚುವ ಕ್ಯಾಂಪ್ ಮಂಚ ಸಿಗುತ್ತದೆ, ಜೊತೆಗೆ ಕೈಯಿರುವ ಗಟ್ಟಿ ಕುರ್ಚಿ ಒಂದಿರಲಿ. ಎರಡನೆಯದಕ್ಕೆ ಶೌಚಾಲಯ ಇರುವ ಸೈಟನ್ನೇ ಹಿಡಿಯಿರಿ, ಅವರ ಟೆಂಟ್ ಅದಕ್ಕೆ ಹತ್ತಿರ ಇರಲಿ, ಆದರೆ ತೀರಾ ಪಕ್ಕದಲ್ಲಿ ಬೇಡ. ರಾತ್ರಿ ಒಬ್ಬರೇ ಹೋಗುವಂತಿಲ್ಲ ಅನ್ನುವ ನಿಯಮ ಅತ್ತೆಗೆ ಮಾತ್ರ ಮಾಡಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ಎಲ್ಲರಿಗೂ ಮಾಡಿ. ಟೆಂಟಿನ ಹಗ್ಗಗಳಿಗೆ ಬಿಳಿ ಬಟ್ಟೆಯ ಚೂರು ಕಟ್ಟಿ, ಕತ್ತಲಲ್ಲಿ ಕಾಲು ಸಿಕ್ಕಿಕೊಳ್ಳುವುದು ಅದಕ್ಕೇ. ಅವರ ಮಾತ್ರೆಗಳನ್ನು ಎರಡು ದಿನಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ತನ್ನಿ, ಅರ್ಧ ಅವರ ಚೀಲದಲ್ಲಿ, ಅರ್ಧ ನಿಮ್ಮಲ್ಲಿ. ಹಾಗಂತ ಮಕ್ಕಳ ಪಾಳಿಯನ್ನು ಅವರ ತಲೆಗೆ ಕಟ್ಟಬೇಡಿ. ಅವರೂ ರಜೆಗೇ ಬಂದಿರುವುದು.

ಗುಂಪಿನಲ್ಲಿ ಒಬ್ಬರು ಬ್ಲೂಟೂತ್ ಸ್ಪೀಕರ್ ಇಲ್ಲದೆ ಎಲ್ಲಿಗೂ ಬರುವುದಿಲ್ಲ. ಹೇಗೆ ಹೇಳುವುದು?

ನೀವು ಹೇಳಬೇಡಿ, ಸೈಟಿನ ನಿಯಮದ ಪುಟವನ್ನು ಗ್ರೂಪಿಗೆ ಹಾಕಿ. ರಾತ್ರಿ ಸದ್ದು ಮಾಡಬಾರದ ಹೊತ್ತು ಅದರಲ್ಲೇ ಇರುತ್ತದೆ. ಆದರೂ ತಂದರೆ, ಬ್ಯಾಟರಿ ಚಾರ್ಜ್ ಮಾಡುವ ಪವರ್ ಬ್ಯಾಂಕ್ ಯಾರ ಕೈಯಲ್ಲಿದೆ ಅನ್ನುವುದು ನಿಮಗೆ ಬಿಟ್ಟದ್ದು.

ಖರ್ಚು ಹಂಚುವುದು ಹೇಗೆ? ನಾವು ಮೂವರು, ಇನ್ನೊಂದು ಮನೆಯವರು ಆರು ಜನ. ಸಮ ಪಾಲು ಅಂದರೆ ನಮಗೆ ಹೊರೆ, ತಲೆ ಲೆಕ್ಕ ಅಂದರೆ ಅವರಿಗೆ ಮುಜುಗರ.

ಎರಡನ್ನೂ ಬೆರೆಸಬೇಡಿ, ಬೇರೆ ಮಾಡಿ. ಸೈಟಿನ ಬಾಡಿಗೆ, ಕಟ್ಟಿಗೆ, ಗ್ಯಾಸ್, ಇವು ಮನೆ ಲೆಕ್ಕ. ಊಟದ್ದು ತಲೆ ಲೆಕ್ಕ, ಚಿಕ್ಕ ಮಕ್ಕಳಿಗೆ ಅರ್ಧ ತಲೆ, ಕೈಗೂಸಿಗೆ ಏನೂ ಇಲ್ಲ. ಇದನ್ನು ಹೊರಡುವ ಮೊದಲು ಹೇಳಿ, ಮುಂಗಡ ತೆಗೆದುಕೊಳ್ಳಿ. ವಾಪಸ್ ಬಂದ ಮೇಲೆ ಕೇಳುವುದು ಯಾರಿಗೂ ಇಷ್ಟವಿಲ್ಲ, ಕೊಡುವುದಂತೂ ಇನ್ನೂ ಇಲ್ಲ. ಯಾರಾದರೂ ಕೊನೆ ಗಳಿಗೆಯಲ್ಲಿ ಬರುವುದಿಲ್ಲ ಅಂದರೆ ಅವರ ಮನೆ ಪಾಲು ವಾಪಸ್ ಇಲ್ಲ, ಊಟದ ಪಾಲು ವಾಪಸ್ ಅನ್ನುವುದನ್ನೂ ಮೊದಲೇ ಬರೆದು ಹಾಕಿ.

ಅಲ್ಲಿ ನೆಟ್‌ವರ್ಕ್ ಇಲ್ಲವಂತೆ. ಮಕ್ಕಳು ದಾರಿ ತಪ್ಪಿದರೆ ಏನು ಗತಿ? ದೊಡ್ಡ ಮಗನಿಗೆ ಹದಿಮೂರು, ಫೋನಿಲ್ಲದೆ ಬರುವುದೇ ಇಲ್ಲ ಅನ್ನುತ್ತಾನೆ.

ಮೊದಲ ಪ್ರಶ್ನೆಗೆ ಮೊದಲು. ಪ್ರತಿ ಮಗುವಿನ ಕೊರಳಿಗೂ ಒಂದು ಸೀಟಿ, ಮೂರು ಸಲ ಊದಿದರೆ ಸಹಾಯ ಬೇಕು ಅಂತ. ದಾರಿ ತಪ್ಪಿದೆ ಅನ್ನಿಸಿದ ಕೂಡಲೇ ಒಂದು ಮರ ಹಿಡಿದು ಅಲ್ಲೇ ನಿಲ್ಲಬೇಕು, ಹುಡುಕಿಕೊಂಡು ನಡೆಯಬಾರದು. ಮಗು ನಡೆದಷ್ಟೂ ಹುಡುಕುವ ಜಾಗ ದೊಡ್ಡದಾಗುತ್ತಾ ಹೋಗುತ್ತದೆ. ಇನ್ನೊಂದು: ಕರೆಯುವವರು ಅಪರಿಚಿತರಾದರೂ ಓಗೊಡಬೇಕು ಅಂತ ಹೇಳಿಕೊಡಿ. ಬೈಯುತ್ತಾರೆ ಅನ್ನುವ ಭಯಕ್ಕೆ ಅಡಗಿ ಕೂರುವ ಮಕ್ಕಳಿದ್ದಾರೆ, ಹುಡುಕುವವರು ಪಕ್ಕದಲ್ಲೇ ಹೋದರೂ ಬಾಯಿ ಬಿಡುವುದಿಲ್ಲ. ಬೈಯುವುದಿಲ್ಲ ಅಂತ ಮಾತು ಕೊಡಿ, ಆಮೇಲೆ ಬೈಯಬೇಡಿ. ಬೆಳಗ್ಗೆ ಎಲ್ಲ ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ ಒಂದು ಫೋಟೋ ತೆಗೆದುಕೊಳ್ಳಿ. ಆ ದಿನ ಯಾವ ಬಣ್ಣದ ಅಂಗಿ ಹಾಕಿದ್ದ ಅಂತ ಗಾಬರಿಯಲ್ಲಿ ತಾಯಿಗೂ ನೆನಪಾಗುವುದಿಲ್ಲ.

ನಿಮ್ಮ ಮಗನ ವಿಷಯ. ಫೋನ್ ತರಲಿ ಬಿಡಿ, ಕೆಲಸ ಕೊಟ್ಟು ತರಿಸಿ. ಮನೆಯಲ್ಲೇ ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳುವುದು, ಹತ್ತಿರದ ಆಸ್ಪತ್ರೆ ಮತ್ತು ಅರಣ್ಯ ಕಚೇರಿ ಗುರುತು ಹಾಕುವುದು, ಎಲ್ಲಿಗೆ ಬಂದರೆ ಸಿಗ್ನಲ್ ಸಿಗುತ್ತದೆ ಅಂತ ದಾರಿಯಲ್ಲಿ ನೋಡಿ ಬರೆದಿಡುವುದು, ಎಲ್ಲ ಅವನ ಪಾಲಿಗೆ. ಯಾರಿಗಾದರೂ ಹಾವು ಕಚ್ಚಿದರೆ ಈ ಮಾಹಿತಿಯೇ ದೊಡ್ಡದು. ಆಗ ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಭಾಗ ಅಲುಗಾಡದಂತೆ ಇಟ್ಟು, ಉಂಗುರ ಬಳೆ ತೆಗೆದು, ನಡೆಸದೆ ಆಸ್ಪತ್ರೆಗೆ ಸಾಗಿಸಬೇಕು.

ತೊರೆ ಪಕ್ಕದಲ್ಲೇ ಟೆಂಟ್ ಹಾಕಬಹುದೇ? ಪಾತ್ರೆ ತೊಳೆಯಲು, ಕುಡಿಯಲು ಅನುಕೂಲ.

ನೋಡಲು ಚೆಂದ, ಅಷ್ಟೇ. ಪ್ರಾಣಿಗಳು ನೀರಿಗೆ ಬರುವ ದಾರಿ ಅದೇ, ಮೇಲೆಲ್ಲೋ ಮಳೆ ಬಂದರೆ ರಾತ್ರಿ ನೀರು ಏರುವುದೂ ಅಲ್ಲೇ, ಸೊಳ್ಳೆಯೂ ಅಲ್ಲೇ. ಸುಮಾರು 60 ಮೀಟರ್ ಆಚೆ ಇರಿ. ಪಾತ್ರೆಯನ್ನು ತೊರೆಯಲ್ಲಿ ತೊಳೆಯಬೇಡಿ, ಬಕೆಟಿನಲ್ಲಿ ನೀರು ತಂದು ಅಷ್ಟೇ ದೂರದಲ್ಲಿ ತೊಳೆಯಿರಿ. ಪರಿಸರಕ್ಕೆ ಒಳ್ಳೆಯದು ಅಂತ ಬರೆದ ಸೋಪಾದರೂ ಅಷ್ಟೇ. ಕುಡಿಯುವ ನೀರು ತಿಳಿಯಾಗಿ ಕಂಡರೂ ಕುದಿಸಿ, ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ, 2000 ಮೀಟರಿಗಿಂತ ಎತ್ತರದಲ್ಲಿದ್ದರೆ ಮೂರು ನಿಮಿಷ.

ಗುಡುಗು ಮಳೆ ಬಂದರೆ ಟೆಂಟಿನೊಳಗೆ ಇದ್ದರೆ ಸಾಕಲ್ಲವೇ?

ಮಳೆಗೆ ಸಾಕು, ಸಿಡಿಲಿಗೆ ಸಾಲದು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಎಲ್ಲರೂ ಕಾರುಗಳೊಳಗೆ ಹೋಗಿ ಕಿಟಕಿ ಮುಚ್ಚಿಕೊಳ್ಳಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಇಳಿಯಬೇಡಿ. ಯಾವ ಮಗು ಯಾವ ಕಾರಿಗೆ ಅಂತ ಮೊದಲ ದಿನವೇ ಹೇಳಿಟ್ಟಿರಿ. ಕಾರಿನ ಬೀಗದ ಕೈ ರಾತ್ರಿ ಎಲ್ಲಿರುತ್ತದೆ ಅನ್ನುವುದನ್ನೂ.